ಏನಂದಿ? ಇನ್ನೊಮ್ಮಿ ಅನ್ನು

ನಮ್ಮ ಮನೆಯಲ್ಲಿ ಗುಟ್ಟಿನ ಮಾತು ಆಡಬೇಕೆಂದರೆ ಮಗ್ಗ ನಡೆಯುತ್ತಿರಬೇಕು. ಬನಹಟ್ಟಿಯ ನಮ್ಮ ಓಣಿಯಲ್ಲಿ ಮನೆ ಬೇರೆ, ಮಗ್ಗದ ಜಾಗ ಬೇರೆ ಅಂತ ಇರಲಿಲ್ಲ. ಪಡಸಾಲೆ ದಾಟಿದರೆ ಸಾಕು, ನಾಲ್ಕು ಕರೆಂಟಿನ ಮಗ್ಗಗಳು ಖಟಾ ಖಟಾ ಎಂದು ಸೀರೆ ನೇಯುತ್ತಿದ್ದವು. ಆ ಸದ್ದಿನಲ್ಲಿ ಎದುರಿಗೆ ನಿಂತವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳಬೇಕು, ಇಲ್ಲವೇ ಗಂಟಲು ಹರಿಯುವ ಹಾಗೆ ಕೂಗಬೇಕು. ಅಲ್ಲೇ ಹುಟ್ಟಿ ಬೆಳೆದವರಿಗೆ ಎರಡೂ ಕಲಿಸದೇ ಬರುತ್ತವೆ. ಲೋಕಾಪುರದಿಂದ ಸೊಸೆಯಾಗಿ ಬಂದ ನನಗೆ ವರ್ಷವೇ ಹಿಡಿಯಿತು. ಹೊಸದರಲ್ಲಿ ಇವರೆಲ್ಲ ನನ್ನ ಮೇಲೆ ಸಿಟ್ಟಾಗಿದ್ದಾರೆ ಎಂದು ತಿಳಿದು ಬಚ್ಚಲಿಗೆ ಹೋಗಿ ಅತ್ತಿದ್ದೇನೆ. "ಚಾ ಕುಡೀತಿ?" ಎಂದು ಅತ್ತೆ ಕೇಳಿದರೂ ಬೈದ ಹಾಗೇ ಕೇಳಿಸುತ್ತಿತ್ತು.

ಆಮೇಲೆ ನನ್ನ ದನಿಯೂ ಏರಿತು. ತವರಿಗೆ ಹೋದಾಗ ಅವ್ವ ಕಿವಿ ಮುಚ್ಚಿಕೊಂಡು, "ಯವ್ವಾ, ನಾ ಏನ್ ಹೊಲದಾಗ ನಿಂತೇನೇನ? ಇಲ್ಲೇ ಬಾಜೂಕ ಅದೀನಿ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಒಳಗೆ ಚುಚ್ಚಿತು. ಆವತ್ತಿನಿಂದ ನಾಲ್ಕು ಮಂದಿ ಸೇರಿದಲ್ಲಿ ನನ್ನ ದನಿ ನಾನೇ ಕಾಯುತ್ತ ಕೂರುವ ಚಟ ಹತ್ತಿತು.

ಬಾಗಲಕೋಟೆ ಹೊಸ ಜಿಲ್ಲೆಯಾಗಿ ಕೆಲವು ವರ್ಷಗಳಾಗಿದ್ದ ಕಾಲ. ನಾನು ಚಿಮ್ಮಡದ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ನಮ್ಮ ಒಬ್ಬಳೇ ಮಗಳನ್ನು ಐದನೆಯ ತರಗತಿಗೆ ಜಮಖಂಡಿಯ ಒಂದು ಇಂಗ್ಲಿಷ್ ಶಾಲೆಗೆ ಹಾಕಿದ್ದೆವು. ಹಟ ನನ್ನದು. ಊರಲ್ಲೇ ಶಾಲೆ ಇಲ್ಲವೇ ಎಂದು ಅತ್ತೆ ಕೇಳಿದ್ದಕ್ಕೆ ನಾನು ಉತ್ತರ ಕೊಡುವ ಗೋಜಿಗೇ ಹೋಗಿರಲಿಲ್ಲ.

ಒಂದು ಸಂಜೆ ಮಗ್ಗದ ಪಕ್ಕ ಕೂತು ಲಾಳಿಗೆ ಹಾಕುವ ನೂಲನ್ನು ಕಂಡಿಕೆಗೆ ಸುತ್ತುತ್ತಿದ್ದೆ. ಶಾಲೆಯ ಗಾಡಿ ಇಳಿದು ಬಂದ ಮಗಳು ಚೀಲವನ್ನೂ ತೆಗೆಯದೆ ನನ್ನ ಮುಂದೆ ನಿಂತಳು.

"ನಾ ನಾಳಿಂದ ಸಾಲಿಗೆ ಹೋಗಂಗಿಲ್ಲ."

"ಯಾಕ?"

"ಬಾಯಿ ತಗದ್ರ ಸಾಕು, ಎಲ್ಲಾರೂ ಕಿವಿ ಮುಚ್ಕೋತಾರ. ಒಬ್ಬ ಹುಡುಗ ಅದಾನ, ಖಟಾ ಖಟಾ ಅಂತ ಬೆಂಚ್ ಬಡೀತಾನ. ಅವನ ನನಗ ಹೆಸರಿಟ್ಟಾನ..."

ಮಗ್ಗದ ಸದ್ದು ಇದೆಯೆಂಬ ಧೈರ್ಯದಲ್ಲಿ ಹೇಳುತ್ತಿದ್ದಳು ಪಾಪ. ಅಷ್ಟರಲ್ಲಿ ಕರೆಂಟು ಹೋಯಿತು. ನಾಲ್ಕೂ ಮಗ್ಗ ಒಮ್ಮೆಲೇ ನಿಂತವು.

"ಭೋಂಗಾ ಅಂತಾರ ನನಗ!"

ಗುಡಿಯ ಮೇಲೆ, ಮದುವೆ ಮನೆಯ ಮುಂದೆ ಕಟ್ಟುವ ಮೈಕಿನ ಅಗಲ ಬಾಯಿಗೆ ನಮ್ಮಲ್ಲಿ ಭೋಂಗಾ ಎನ್ನುತ್ತಾರೆ. ಆ ಮಾತು ಇಡೀ ಮನೆಗೆ ಕೇಳಿತು. ಹರಿದ ಎಳೆ ಕಟ್ಟುತ್ತಿದ್ದ ನನ್ನ ಗಂಡ ತಲೆ ಎತ್ತಿದರು. ಅಡುಗೆ ಮನೆಯಿಂದ ಅತ್ತೆ ಹೊರಗೆ ಬಂದರು. ಮಗಳು ಬಾಯಿ ಮುಚ್ಚಿಕೊಂಡು ಅಳತೊಡಗಿದಳು.

ಕರೆಂಟು ಇಲ್ಲ, ಕೆಲಸ ಇಲ್ಲ, ಇನ್ನು ಉಪದೇಶಕ್ಕೆ ಬರವೇ? "ಅವನ ಹಲ್ಲ ಮುರದ ಕೈಯಾಗ ಕೊಟ್ಟ ಬಾ, ಮುಂದಿಂದು ನಾ ನೋಡ್ಕೋತೀನಿ" ಎಂದರು ಅತ್ತೆ. "ನಕ್ಕೊಂತ ಸುಮ್ನ ಇದ್ದಬಿಡು, ಅವರಿಗೇ ಬ್ಯಾಸರಾಕ್ಕೈತಿ" ಎಂದರು ನನ್ನ ಗಂಡ. ನಾನು ಟೀಚರ ಬುದ್ಧಿ ಬಿಡಲಿಲ್ಲ. "ನಿಮ್ಮ ಟೀಚರ್ ಮುಂದ ಹೇಳಬೇಕಿಲ್ಲ?" ಎಂದೆ.

"ಹೇಳೀನಿ. ಹುಡುಗರು ಅಂದಮ್ಯಾಲ ಇರೂದ ಅಂದ್ರು."

ಚಿಮ್ಮಡದಲ್ಲಿ ಅಳುತ್ತ ಬಂದ ಎಷ್ಟು ಹುಡುಗರಿಗೆ ನಾನು ಇದೇ ಮಾತು ಹೇಳಿ ಕಳಿಸಿದ್ದೆನೋ. ಮಗಳ ಬಾಯಿಂದ ಕೇಳಿದಾಗ ಮೈ ಉರಿಯಿತು.

ಮರುದಿನವೇ ರಜೆ ಹಾಕಿ ಜಮಖಂಡಿಗೆ ಹೋದೆ. ಕ್ಲಾಸ್ ಟೀಚರು ಒಳ್ಳೆಯ ಹೆಂಗಸೇ. ಕುರ್ಚಿ ಕೊಟ್ಟು ಕೂರಿಸಿದರು. "ನಿಮ್ಮ ಹುಡುಗಿ ಭಾಳ ಶಾಣ್ಯಾಕಿ ಅದಾಳ್ರಿ. ಸ್ವಲ್ಪ ಸಣ್ಣ ದನೀಲೆ ಮಾತಾಡಿದ್ರ ಯಾರೂ ಏನೂ ಅನ್ನೂದಿಲ್ರಿ" ಎಂದರು. ಆ ಹುಡುಗನನ್ನೂ ಕಿಟಕಿಯಿಂದ ತೋರಿಸಿದರು. ಗೂಳಿಯಂಥವನನ್ನು ನೆನೆಸಿಕೊಂಡು ಹೋಗಿದ್ದೆ, ನೋಡಿದರೆ ಕಡ್ಡಿಯಂಥವ. ಬೀಳಗಿ ಕಡೆಯವನಂತೆ. ಆಣೆಕಟ್ಟಿನ ಹಿನ್ನೀರಿಗೆ ಅವರ ಊರು ಮುಳುಗಿ, ಈಗ ಜಮಖಂಡಿಯ ಸೋದರಮಾವನ ಮನೆಯಲ್ಲಿದ್ದು ಕಲಿಯುತ್ತಿದ್ದನಂತೆ. ಟೀಚರಿಗೆ ಏನೂ ಅನ್ನದೆ ಎದ್ದು ಬಂದೆ. ಅನ್ನಬೇಕಾದದ್ದೆಲ್ಲ ಬಸ್ಸಿನಲ್ಲಿ ಒಬ್ಬಳೇ ಅಂದುಕೊಳ್ಳುತ್ತ ಬಂದೆ. ಪಕ್ಕದಲ್ಲಿದ್ದಾಕೆ ಸರಿದು ಕೂತಳು.

ಮನೆಯಲ್ಲಿ ಮಗಳು ಇನ್ನೊಂದು ವಿಷಯ ಹೇಳಿದಳು. "ಮೊದ್ಲ ಎಲ್ಲಾರೂ ಅವನ್ನ ಮುಳುಗಡಿ, ಮುಳುಗಡಿ ಅಂತ ಕಾಡ್ತಿದ್ರಂತ. ನಾ ಬಂದಮ್ಯಾಲ ಅವನ್ನ ಬಿಟ್ಟಾರ."

"ಮತ್ತ ನೀನೂ ಅನ್ನು! ಏ ಮುಳುಗಡಿ ಅನ್ನು, ಬಾಯಿ ಮುಚ್ಕೋತಾನ" ಎಂದರು ಅತ್ತೆ, ದೊಡ್ಡ ನಿಧಿ ಸಿಕ್ಕವರ ಹಾಗೆ.

ನನ್ನ ನಾಲಿಗೆಯ ತುದಿಗೂ ಅದೇ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಮುಳುಗಡೆ ಊರುಗಳ ಮಂದಿ ಮನೆಯ ಬಾಗಿಲು, ಚೌಕಟ್ಟು, ತೊಲೆಗಳನ್ನು ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗುವುದನ್ನು ನಾನು ಕಣ್ಣಾರೆ ನೋಡಿದವಳು. ಒಂದು ಟ್ರ್ಯಾಕ್ಟರಿನಲ್ಲಿ, ನಿಲ್ಲಿಸಿ ಕಟ್ಟಿದ ಬಾಗಿಲಿಗೆ ಒರಗಿ ಒಂದು ಕೂಸು ನಿದ್ದೆ ಹೋಗಿತ್ತು. "ಆ ಮಾತು ನಮ್ಮ ಮನಿಯಿಂದ ಹೋಗೂದು ಬ್ಯಾಡ" ಎಂದೆ. ಅತ್ತೆ ಮುಖ ತಿರುಗಿಸಿಕೊಂಡು ಒಳಗೆ ಹೋದರು.

ಹಾಗಾದರೆ ಏನು ಹೇಳಿ ಕಳಿಸುವುದು? ನನಗೂ ಗೊತ್ತಿರಲಿಲ್ಲ. ಬೇರೇನೂ ತೋಚದೆ ಆ ಟೀಚರು ಹೇಳಿದ್ದನ್ನೇ ಹಿಡಿದೆ. ಹಿತ್ತಲಲ್ಲಿ ಮಗಳನ್ನು ಎದುರಿಗೆ ಕೂರಿಸಿಕೊಂಡು, "ಇಷ್ಟ ದನಿ ಸಾಕು ನೋಡು, ಇಷ್ಟ" ಎಂದು ಕಲಿಸಿದೆ. ಅವಳು ಎಲ್ಲದರಲ್ಲೂ ಚುರುಕು, ಇದನ್ನೂ ಬೇಗ ಕಲಿತಳು. ಬೇಕಾದದ್ದಕ್ಕಿಂತ ಹೆಚ್ಚೇ ಕಲಿತಳು. ಶಾಲೆಯಲ್ಲಿ ಪಾಠ ಓದು ಎಂದರೆ ತುಟಿ ಅಲ್ಲಾಡಿಸಿ ಕೂರುತ್ತಾಳೆ ಎಂದು ಟೀಚರು ಡೈರಿಯಲ್ಲಿ ಬರೆದು ಕಳಿಸಿದರು. ಮನೆಯಲ್ಲೂ ಅದೇ ದನಿ. ಮಗ್ಗದ ಸದ್ದಿನಲ್ಲಿ ಅವಳು ಅಂದದ್ದು ಯಾರಿಗೂ ಕೇಳದು. "ಏನಂದಿ? ಇನ್ನೊಮ್ಮಿ ಅನ್ನು" ಎಂದು ಅವಳಪ್ಪ ಕೇಳಿದರೆ, "ಏನಿಲ್ಲ" ಎಂದು ತಲೆ ಅಲ್ಲಾಡಿಸಿ ಹೋಗಿಬಿಡುವಳು. ಹಸಿವಾದರೂ ಹೇಳಳು, ಚೀಲ ಹರಿದರೂ ಹೇಳಳು. ಭೋಂಗಾ ಎನ್ನುವುದು ಮಾತ್ರ ನಿಂತಿರಲಿಲ್ಲ. ಈಗ 'ಕೆಟ್ಟು ನಿಂತ ಭೋಂಗಾ' ಎನ್ನುತ್ತಿದ್ದರಂತೆ.

ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಚಿಮ್ಮಡದ ತರಗತಿಯಲ್ಲಿ ಬಾಗಿಲಿಂದ ಗೋಡೆಗೆ, ಗೋಡೆಯಿಂದ ಬಾಗಿಲಿಗೆ ತಿರುಗುತ್ತಿದ್ದೆ. ಬರೆದದ್ದನ್ನು ಅಳಿಸಿ ಮತ್ತೆ ಅದನ್ನೇ ಬರೆಯುತ್ತಿದ್ದೆ. ಯಾರೋ ಯಾರಿಗೋ ಏನೋ ಪಿಸುಗುಟ್ಟಿದರೆ, "ಏನಂದ್ಯೋ ಅಕಿಗೆ?" ಎಂದು ಮೈಮೇಲೆ ಹೋಗುತ್ತಿದ್ದೆ. ಹುಡುಗ ರಬ್ಬರು ಕೇಳಿದ್ದನಷ್ಟೆ. "ಅಕ್ಕೋರಿಗೆ ಆರಾಮ ಇಲ್ಲೇನೋ" ಎಂದು ಮಕ್ಕಳು ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಸಂಜೆಯಾದರೆ ಗಾಡಿ ಬರುವ ಮೊದಲೇ ರಸ್ತೆಗೆ ಹೋಗಿ ನಿಲ್ಲುವುದು, ಅವಳು ಇಳಿಯುವಾಗ ಮುಖ ನೋಡುವುದು, ಒಂದು ಮಾತೂ ಇಲ್ಲದೆ ಇಬ್ಬರೂ ಮನೆಗೆ ಬರುವುದು. ಈ ಹುಡುಗಿಗೆ ದನಿ ಮರಳಿ ಬಾರದಿದ್ದರೆ ಏನು ಗತಿ ಎಂದು ನನಗೆ ನಿಜವಾಗಿಯೂ ಭಯವಾಗಿತ್ತು.

ಆ ಭಯದಲ್ಲಿ ಒಂದು ದಿನ ರೊಟ್ಟಿ ಬಡಿಯುತ್ತ ಕೂತಿದ್ದೆ. ಆಚೆ ಮಗ್ಗ ನಡೆದಿತ್ತು. ಅತ್ತೆ ಬಂದು ನಿಂತು, "ಊರ ಮಕ್ಕಳಿಗೆಲ್ಲಾ ಶಾಣ್ಯಾತನ ಹೇಳಾಕಿ, ನಿನ್ನ ಮಗಳಿಗೆ ಒಂದ್ ಮಾತ ಕಲಸಾಕ ಆಗವಲ್ದು" ಎಂದರು. ನಾನು ಮುಖ ಆಚೆ ತಿರುಗಿಸಿ ಹಲ್ಲು ಕಚ್ಚಿಕೊಂಡು ಏನೋ ಗೊಣಗಿದೆ. ಏನೆಂದು ಇಲ್ಲಿ ಬರೆಯಲಾರೆ, ಅಂಥ ಮಾತು. ಅತ್ತೆಗೆ ನನ್ನ ದವಡೆ ಅಲ್ಲಾಡಿದ್ದಷ್ಟೇ ಕಂಡಿತು. ಹತ್ತಿರ ಬಂದು, ಬಗ್ಗಿ, ನನ್ನ ತುಟಿಯನ್ನೇ ನೋಡುತ್ತ ಕೇಳಿದರು:

"ಏನಂದಿ? ಇನ್ನೊಮ್ಮಿ ಅನ್ನು."

ಸಿಟ್ಟಿನಿಂದ ಕೇಳಿದ್ದಲ್ಲ. ಅವರಿಗೆ ಖಂಡಿತ ಕೇಳಿಸಿರಲಿಲ್ಲ. ನಮ್ಮ ಮನೆಯಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು ಅದು. "ಏನಿಲ್ಲರಿ ಅತ್ತಿ, ರೊಟ್ಟಿ ಸೀಯಾಕತ್ತಿತ್ತು ಅಂದೆ" ಎಂದೆ. ಒಮ್ಮೆ ಆಡಿದ್ದೆನಲ್ಲ, ಅದನ್ನೇ ಮುಖ ನೋಡಿ ಇನ್ನೊಮ್ಮೆ ಆಡಲು ಆಗಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಆಗ ನಿಜವಾಗಿಯೂ ಸೀಯಿತು. ನಾನು ಹಿಟ್ಟಿನ ಕೈಯಲ್ಲೇ ಎದ್ದು ಮಗಳನ್ನು ಹುಡುಕಿಕೊಂಡು ಹೋದೆ.

"ನಾಳೆ ಅವ ಭೋಂಗಾ ಅಂದ್ರ ಅಳಬ್ಯಾಡ, ಬೈಬ್ಯಾಡ. ಮಗ್ಗದ ಮುಂದ ನಿಂತು ನಿಮ್ಮಪ್ಪ ನಿನ್ನ ಹೆಂಗ ಕೇಳ್ತಾರ, ಹಂಗ ಕೇಳು. ಏನಂದಿ, ಇನ್ನೊಮ್ಮಿ ಅನ್ನು. ಅವನ ತುಟೀನ ನೋಡು."

"ಸಣ್ಣ ದನೀಲೆ?"

"ನಿನ್ನ ದನೀಲೆ."

ಅಭ್ಯಾಸಕ್ಕೆ ಆ ಹುಡುಗನ ಪಾತ್ರ ಬೇಕಲ್ಲ, ಅತ್ತೆಯೇ ಮುಂದೆ ಬಂದರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು "ಏ ಭೋಂಗಾ!" ಎಂದರು. ಮಗಳು "ಏನಂದಿ ಆಯಿ? ಇನ್ನೊಮ್ಮಿ ಅನ್ನು" ಎಂದಳು. ಅವರು ಇನ್ನೊಮ್ಮೆ ಅಂದರು. ಮತ್ತೆ ಕೇಳಿದಳು, ಮತ್ತೂ ಅಂದರು, ಇನ್ನೂ ಜೋರಾಗಿ. ಇಂಥ ಹುಡುಗ ಗಂಟು ಬಿದ್ದರೆ ನಮ್ಮ ಪಾಡು ಮುಗಿಯಿತು ಎಂದುಕೊಂಡೆ. ಆದರೆ ಎಷ್ಟೋ ದಿನದ ಮೇಲೆ ಮಗಳು ಬಿದ್ದು ಬಿದ್ದು ನಕ್ಕಳು, ಓಣಿಗೆಲ್ಲ ಕೇಳುವ ಹಾಗೆ.

ಮರುದಿನ ಸಂಜೆ ಗಾಡಿ ತಡವಾಯಿತು. ನಾನು ರಸ್ತೆಯಲ್ಲಿ ನಿಂತು ಸೆರಗಿನ ತುದಿಯ ಎಳೆಗಳನ್ನೆಲ್ಲ ಬಿಚ್ಚಿಬಿಟ್ಟಿದ್ದೆ. ಬಾರುಕೋಲು ಕೊಟ್ಟು ಕಳಿಸಿದ್ದರೂ ಇಷ್ಟು ಹೆದರಿಕೆ ಆಗುತ್ತಿರಲಿಲ್ಲವೇನೋ. ಒಂದು ಮಾತು ಕೊಟ್ಟು ಕಳಿಸಿದ್ದೆ, ಅದೂ ದಿನಬಳಕೆಯ ಮಾತು. ಎಲ್ಲರೂ ಸೇರಿ ಇನ್ನೂ ನಕ್ಕರೆ?

ಗಾಡಿ ಬಂತು. ಇಳಿಯುವ ಮೊದಲೇ ಕಿಟಕಿಯಿಂದ, "ಯವ್ವಾ!" ಎಂದು ಕೂಗಿದಳು. ರಸ್ತೆಯ ಆಚೆ ಚಹಾ ಕುಡಿಯುತ್ತಿದ್ದವರು ತಿರುಗಿ ನೋಡಿದರು.

"ಕೇಳಿದೇನ?" ಎಂದೆ.

"ಕೇಳಿದೆ. ಮೊದ್ಲ ಇನ್ನೂ ಜೋರ್ ಅಂದ, ಎಲ್ಲಾರೂ ನಕ್ಕರು. ನಾ ಸನೇಕ ಹೋಗಿ ಮತ್ತ ಕೇಳಿದೆ. ಮತ್ತಂದ. ಅವಾಗ ಅಷ್ಟ ನಗಲಿಲ್ಲ. ನಾ ಅವನ ಬಾಯೀನ ನೋಡ್ಕೊಂತ ನಿಂತೆ ಬೇ. ಕೇಳ್ಸಲಿಲ್ಲ, ಇನ್ನೊಮ್ಮಿ ಅನ್ನು ಅಂದೆ. ಅವ ಬಾಯಿಗೆ ಕೈ ಅಡ್ಡ ಇಟ್ಕೊಂಡ."

"ಆಮ್ಯಾಲ?"

"ಆಮ್ಯಾಲ ಗಂಟಿ ಬಾರಿಸಿದ್ರು."

ಅಲ್ಲಿಗೆ ಎಲ್ಲ ಮುಗಿಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವನು ಬಿಟ್ಟರೆ ಇನ್ನೊಬ್ಬಳು ಹಿಡಿದಳು. ಕೆಲವು ದಿನ ಮಗಳು ಅಳುತ್ತಲೇ ಮನೆಗೆ ಬಂದಳು. ನಾನೂ ಮತ್ತೆರಡು ಸಲ ಜಮಖಂಡಿಗೆ ಹೋಗಿ, ಆವತ್ತು ಬಸ್ಸಿನಲ್ಲಿ ಅಂದುಕೊಂಡದ್ದನ್ನೆಲ್ಲ ಟೀಚರ ಎದುರಿಗೇ ಹೇಳಿ ಬಂದೆ. ಆದರೆ ಮಗಳು ಪಾಠ ಓದು ಎಂದರೆ ಎದ್ದು ನಿಂತು ಓದತೊಡಗಿದಳು. ಮುಂದೊಂದು ದಿನ ಯಾರೋ ಆ ಹುಡುಗನಿಗೆ ಮತ್ತೆ ಮುಳುಗಡಿ ಎಂದಾಗ, ಹಿಂದಿನ ಬೆಂಚಿನಿಂದ ಇವಳು "ಏನಂದಿ? ಇನ್ನೊಮ್ಮಿ ಅನ್ನು" ಎಂದಳಂತೆ. ನನಗೆ ಹೆಮ್ಮೆಗಿಂತ ಮೊದಲು ಸಿಟ್ಟು ಬಂತು. ಊರ ಉಸಾಬರಿ ನಿನಗೇಕೆ ಎಂದು ಬೈದೆ. ನಾನೇನು ಅಷ್ಟು ದೊಡ್ಡ ಮನಸ್ಸಿನವಳಲ್ಲ.

ಕೆಲವು ವರ್ಷಗಳಾದ ಮೇಲೆ, ಮಗಳು ಹೈಸ್ಕೂಲು ಮುಗಿಸುವ ಹೊತ್ತಿಗೆ, ಮುಧೋಳದಲ್ಲಿ ನನ್ನ ಚಿಕ್ಕಪ್ಪನ ಮಗಳ ಕುಬಸಕ್ಕೆ ಹೋಗಿದ್ದೆವು. ಬಸುರಿಗೆ ಉಡಿ ತುಂಬಿ, ಊಟ ಮುಗಿದು, ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂತಿದ್ದರು. ಅವರೆಲ್ಲ ನೌಕರಿಯವರು, ಮೆಲುಮಾತಿನ ಮಂದಿ. ನನ್ನ ಮಗಳು ನಡುವೆ ಕೂತು, ತನ್ನ ಆಯಿ ಸೆರಗು ಸಿಕ್ಕಿಸಿಕೊಂಡು ಭೋಂಗಾ ಎಂದ ಕಥೆ ಹೇಳುತ್ತಿದ್ದಳು. ಮಗ್ಗದ ಮನೆಯ ದನಿ, ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಒಬ್ಬಾಕೆ ಹುಬ್ಬು ಗಂಟಿಕ್ಕಿ ಕಿವಿ ಉಜ್ಜಿಕೊಂಡಳು. ನನಗೆ ತಡೆಯಲಾಗಲಿಲ್ಲ. ಮಗಳ ಓಢಣಿ ಜಗ್ಗಿ, ಮುಖದ ಮೇಲೆ ನಗು ಇಟ್ಟುಕೊಂಡೇ, ಹಲ್ಲಿನ ಸಂದಿಯಿಂದ, "ಸಣ್ಣಗ ಮಾತಾಡ, ಮಂದಿ ನೋಡಾಕತ್ತಾರ" ಎಂದೆ.

ಅವಳು ಕಥೆ ನಿಲ್ಲಿಸಿದಳು. ನನ್ನ ಕಡೆ ಪೂರ್ತಿ ತಿರುಗಿ, ನನ್ನ ತುಟಿಯನ್ನೇ ನೋಡಿದಳು. ಅಲ್ಲಿ ಮಗ್ಗವಿರಲಿಲ್ಲ. ಫ್ಯಾನು ಕೂಡ ನಿಂತಿತ್ತು. ನಾನಂದದ್ದು ಅವಳಿಗೆ ಕೇಳಿತ್ತು, ಕೇಳಿತ್ತೆಂದು ನನಗೂ ಗೊತ್ತಿತ್ತು.

"ಏನಂದಿ ಬೇ? ಇನ್ನೊಮ್ಮಿ ಅನ್ನು."

ಎಲ್ಲರೂ ನನ್ನ ಕಡೆ ನೋಡಿದರು. ನನ್ನ ಕೈ ತಾನಾಗಿಯೇ ಎದ್ದು ಬಾಯಿಗೆ ಅಡ್ಡ ಬಂತು.

"ಏನಿಲ್ಲವ್ವಾ" ಎಂದೆ. "ಮುಂದ ಏನಾತು, ಹೇಳು."

ಅವಳು ಹೇಳಿದಳು, ಬಾಗಿಲ ಹೊರಗೆ ಚಪ್ಪಲಿ ಬಿಡುತ್ತಿದ್ದವರಿಗೂ ಕೇಳುವ ಹಾಗೆ.