ಸಸ್ತಾ ಟಿಕೆಟ್ಟಿಗೆ ಕಾದ ಫೈನಲ್

ಇಳಕಲ್ಲಿನ ನನ್ನ ತವರಿನಲ್ಲಿ ಬೆಳಿಗ್ಗೆಯೇ ಸಂತೆಗೆ ಹೋಗುವವರನ್ನು ದಡ್ಡರೆಂದೇ ಲೆಕ್ಕ ಹಾಕುತ್ತಿದ್ದರು. ಸಂತೆ ಮುರಿಯುವ ಹೊತ್ತಿಗೆ ಹೋಗಬೇಕು. ಅರ್ಧ ದರ ಕೇಳಬೇಕು. ಕೊಡುವುದಿಲ್ಲ ಅಂದರೆ ತಿರುಗಿ ನಡೆಯಬೇಕು. ಹತ್ತು ಹೆಜ್ಜೆ ಇಡುವುದರೊಳಗೆ ಹಿಂದಿನಿಂದ "ಬರ್ರಿ ಅಕ್ಕಾರ, ಒಯ್ರಿ" ಎಂದು ಕೂಗು ಬಂದೇ ಬರುತ್ತದೆ. ಅಲ್ಲಿಯವರೆಗೆ ತಿರುಗಿ ನೋಡಬಾರದು, ಅಷ್ಟೇ. ಇದನ್ನು ಕಲಿಸಿದವಳು ನನ್ನ ಅವ್ವ. ಹುನಗುಂದಕ್ಕೆ ಸೊಸೆಯಾಗಿ ಬಂದು, ಇಲ್ಲಿಯ ಶಾಲೆಯಲ್ಲಿ ಟೀಚರಾಗಿ ಇಷ್ಟು ವರ್ಷವಾದರೂ ನಾನು ಮಾರುವವರು ಹೇಳಿದ ದರ ಕೊಟ್ಟು ಒಂದು ಬದನೆಕಾಯಿ ತಂದವಳಲ್ಲ. ಈ ಚಾಳಿಯನ್ನು ಬಾಸ್ಕೆಟ್‌ಬಾಲ್ ಮ್ಯಾಚಿಗೂ ಒಯ್ದೆ.

ಮಗಳು ಬಾಗಲಕೋಟೆಯ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿದ್ದಳು. ಕಾಲೇಜು ಟೀಮಿನಲ್ಲಿ ಆಡುತ್ತಾಳೆಂದು ಗೊತ್ತಿತ್ತೇ ಹೊರತು ನಾನು ಒಮ್ಮೆಯೂ ನೋಡಿರಲಿಲ್ಲ. ಮ್ಯಾಚು ಇರುವುದು ವಾರದ ದಿನ, ನನಗೆ ಶಾಲೆ. ಈ ಸಲ ಅವಳ ಕಾಲೇಜಿನಲ್ಲೇ ಟೂರ್ನಮೆಂಟ್, ಶನಿವಾರ ಸೆಮಿಫೈನಲ್, ಭಾನುವಾರ ಫೈನಲ್. "ನಂದು ಕಡೀ ವರ್ಷ ಅವ್ವಾ, ಒಂದ್ಸಲರ ಬಂದು ನೋಡು" ಎಂದು ಫೋನಿನಲ್ಲಿ ಗೋಗರೆದಳು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿದೆ.

ನಾನು ಮುಟ್ಟುವ ಹೊತ್ತಿಗೆ ಮೊದಲ ಸೆಮಿಫೈನಲ್ಲಿನಲ್ಲಿ ಬಾದಾಮಿಯ ಟೀಮು ಸೋತಿತ್ತು. ಅವರ ಕಡೆಯ ಮಂದಿ ಮುಖ ಇಳಿಬಿಟ್ಟುಕೊಂಡು ಹೊರಗೆ ಬಂದು, ಎರಡನೇ ಮ್ಯಾಚಿನ, ಅಂದರೆ ಮಗಳ ಮ್ಯಾಚಿನ, ಟಿಕೆಟ್ಟುಗಳನ್ನು ಬಂದಷ್ಟಕ್ಕೆ ಮಾರುತ್ತಿದ್ದರು. ಅರ್ಧಕ್ಕಿಂತ ಕಡಿಮೆಗೆ ನನಗೊಂದು ಸಿಕ್ಕಿತು. ಗ್ಯಾಲರಿಯ ಕಡೆಯ ಸಾಲಿನಲ್ಲಿ ಕೂತೆ. ಮಗಳು ಆಟ ಶುರುವಾಗುವ ಮೊದಲು ಸಾಲು ಸಾಲು ಹುಡುಕಿ, ನನ್ನನ್ನು ಕಂಡು ಕೈ ಎತ್ತಿದಳು. ಮನೆಯಲ್ಲಿ ಹಾಸಿಗೆ ಮಡಚಲು ಹತ್ತು ಸಲ ಹೇಳಿಸಿಕೊಳ್ಳುವ ಹುಡುಗಿ ಅಲ್ಲಿ ಎಲ್ಲರಿಗೂ ಕೂಗಿ ಹೇಳುತ್ತಿದ್ದಳು, ಎಲ್ಲರೂ ಕೇಳುತ್ತಿದ್ದರು. ನನಗೆ ಅಳು ಬಂತು. ಅವರು ಗೆದ್ದರು.

ಆದರೆ ಮ್ಯಾಚು ಮುಗಿದ ಮೇಲೆ ನಾನು ಮಗಳೆದುರು ಕೊಚ್ಚಿಕೊಂಡದ್ದು ಅವಳ ಆಟವನ್ನಲ್ಲ, ನನ್ನ ಟಿಕೆಟ್ಟನ್ನು.

"ನಾಳೆ ನಮಗ ಒಂದೊಂದು ಪಾಸ್ ಕೊಡ್ತಾರ. ನಿನಗ ಇಟ್ಟಿರ್ಲೇನವ್ವಾ?" ಎಂದಳು.

"ಬ್ಯಾಡ, ನಿನ್ನ ರೂಮಿನ ಹುಡುಗಿಗೆ ಕೊಡು. ಬಾದಾಮಿಯವ್ರು ಫೈನಲ್ ಟಿಕೆಟ್‌ನೂ ಮದಲ ತಗದಿಟ್ಟಾರಂತ. ಸೋತವ್ರು ಅದನ್ನ ಇಟ್ಕೊಂಡೇನ್ ಮಾಡ್ತಾರ? ನನಗ ಇವತ್ತಿನಕಿಂತಾ ಸಸ್ತಾ ಸಿಗ್ತೈತಿ" ಎಂದೆ.

ಭಾನುವಾರ ಒಂದು ತಾಸು ಮುಂಚೆಯೇ ಹೋದೆ. ಕೌಂಟರಿನಲ್ಲಿ ಟಿಕೆಟ್ಟುಗಳಿದ್ದವು, ಸಾಲೂ ದೊಡ್ಡದಿರಲಿಲ್ಲ. ನಾನು ಆ ಸಾಲಿನವರನ್ನು ನೋಡಿ ಮನಸ್ಸಿನಲ್ಲೇ ನಕ್ಕು, ಬೇವಿನ ಮರದ ಕೆಳಗೆ ಕೂತು ಚುರುಮರಿ ತಿಂದೆ. ಊರ ಟೀಮು ಫೈನಲ್ಲಿಗೆ ಬಂದರೆ ಊರೆಲ್ಲ ಬರುತ್ತದೆ ಎಂಬಷ್ಟು ಬುದ್ಧಿ ಎಲ್ಲಿ ಹೋಗಿತ್ತೋ. ನೋಡನೋಡುತ್ತ ಮಂದಿ ಇರುವೆಯ ಹಾಗೆ ಮುತ್ತಿ, ಕೌಂಟರಿನ ಕಿಟಕಿ ಮುಚ್ಚಿತು. ಆಗಲೂ ನಾನು ಹೆದರಲಿಲ್ಲ. ಟಿಕೆಟ್ ಹಿಡಿದು ನಿಂತ ಬಾದಾಮಿಯವರೊಬ್ಬರು ಕಂಡರು. ನಿನ್ನೆಯ ಸೋಲು ಮರೆತಂತಿದ್ದ ಅವರು, ಕೌಂಟರಿನ ದರದ ಮೇಲೂ ಸ್ವಲ್ಪ ಕೇಳಿದರು.

"ಅರ್ಧಕ್ಕ ಕೊಡ್ರಿ. ನಿಮ್ಮ ಟೀಮ ಇಲ್ಲ, ನಿಮಗ್ಯಾಕ ಇದು?" ಎಂದೆ.

"ಗಾಳಿ ಬಂದಾಗ ತೂರ್ಕೋಬೇಕ್ರಿ ಅಕ್ಕಾರ. ಬೇಕಂದ್ರ ತಗೋರಿ."

"ಹಂಗಾರ ನೀವ ಇಟ್ಕೋರಿ" ಎಂದು ತಿರುಗಿ ನಡೆದೆ. ಹತ್ತು ಹೆಜ್ಜೆ ಎಣಿಸಿದೆ. ಕೂಗು ಬರಲಿಲ್ಲ. ಇನ್ನೂ ಐದು ಹೆಜ್ಜೆ ನಡೆದೆ, ಸಾವಕಾಶವಾಗಿ. ಕಡೆಗೆ ತಿರುಗಿ ನೋಡಿದರೆ ಟಿಕೆಟ್ಟನ್ನು ಬೇರೆ ಯಾರೋ ಹಿಡಿದುಕೊಂಡು ಒಳಗೆ ಓಡುತ್ತಿದ್ದರು. ಗೇಟು ಹಾಕಿದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನನ್ನ ಹತ್ತಿರ ಆನೆಯ ದುಡ್ಡಿದ್ದರೂ ಆಗ ಕೊಂಡುಕೊಳ್ಳಲು ಒಂದು ಟಿಕೆಟ್ಟೂ ಉಳಿದಿರಲಿಲ್ಲ.

ಅಂಗಳದ ಸುತ್ತ ಆಳೆತ್ತರದ ತಗಡು ಹೊಡೆದಿದ್ದರು. ಚೆಂಡು ನೆಲಕ್ಕೆ ಬೀಳುವ ಸದ್ದು, ಸೀಟಿ, ಮಂದಿಯ ಕೇಕೆ ಎಲ್ಲ ಕೇಳುತ್ತಿತ್ತು, ಏನೂ ಕಾಣುತ್ತಿರಲಿಲ್ಲ. ಗೇಟಿನವನ ಹತ್ತಿರ ಹೋದೆ.

"ಒಳಗ ನನ್ನ ಮಗಳ ಆಡಾಕತ್ಯಾಳೋ ಯಪ್ಪಾ!"

"ಇಲ್ಲಿ ನಿಂತವ್ರೆಲ್ಲಾರೂ ಹಂಗ ಅಂತಾರ್ರೀ ಬಾಯಾರ. ಟಿಕೆಟ್ ಇಲ್ದ ಬಿಡಾಕ ಬರೂದಿಲ್ಲ."

ಅವನನ್ನು ಬೈದೆ, ಆಮೇಲೆ ಬೇಡಿಕೊಂಡೆ. ಎರಡಕ್ಕೂ ಅವನ ಮುಖ ಒಂದೇ ರೀತಿ ಇತ್ತು. ಮಗಳು ಮತ್ತೆ ಸಾಲು ಸಾಲು ಹುಡುಕಿರುತ್ತಾಳಲ್ಲ ಎಂದು ಆಗ ಹೊಳೆಯಿತು. ಅಷ್ಟರಲ್ಲಿ ಒಳಗಿನ ಗದ್ದಲ ಒಮ್ಮೆಲೇ ನಿಂತಿತು. ಯಾಕೆಂದು ಕೇಳಿದರೆ ಗೇಟಿನವನಿಗೂ ಗೊತ್ತಿರಲಿಲ್ಲ. ತುಸು ಹೊತ್ತಿಗೆ ಗೇಟು ತೆರೆದು ಒಂದು ಬಿಳಿ ಕಾರು ಹಾರ್ನ್ ಹೊಡೆಯುತ್ತ ಹೊರಗೆ ಬಂತು. ನಾನು ನಟ್ಟನಡುವೆ ನಿಂತಿದ್ದೆ.

"ಕಣ್ಣ ಕಾಣೂದಿಲ್ಲೇನೋ? ಮಂದಿ ಮ್ಯಾಲೆ ಹಾಯಸ್ತಿ?" ಎಂದು ಡ್ರೈವರನಿಗೆ ಚೀರಿ, ಸೆರಗು ಸರಿಮಾಡಿಕೊಂಡು ಪಕ್ಕಕ್ಕೆ ಸರಿದೆ. ಕಾರು ಹೋಯಿತು.

ಅದರ ಹಿಂದೆಯೇ ಮಗಳ ರೂಮಿನ ಹುಡುಗಿ ಓಡಿ ಬಂದಳು, ಕೈಯಲ್ಲಿ ಪಾಸು ಇನ್ನೂ ಹಾಗೇ ಇತ್ತು. ನನ್ನನ್ನು ಕಂಡು ಗಕ್ಕನೆ ನಿಂತಳು. "ಆಂಟಿ, ನೀವು ಹೊರಗ ಅದೀರಿ? ಆಕಿ ಬಿದ್ಲರೀ. ಮೊಣಕಾಲಿಗೆ ಪೆಟ್ಟಾಗೇತಿ. ಈಗ ಹೋತಲ್ರೀ ಕಾರು, ಅದರಾಗ ದವಾಖಾನಿಗೆ ಒಯ್ದ್ರು."

ಇಬ್ಬರೂ ಆಟೋ ಹಿಡಿದು ದವಾಖಾನೆಗೆ ಹೋದೆವು. ಮಗಳು ಮಂಚದ ಮೇಲೆ ಕಾಲು ಚಾಚಿ ಮಲಗಿದ್ದಳು, ಮೊಣಕಾಲು ಊದಿಕೊಂಡಿತ್ತು. ಹತ್ತಿರ ಹೋಗಿ ಕೈ ಹಿಡಿದೆ.

"ಭಾಳ ನೋಯ್ತಿತ್ತವ್ವಾ" ಎಂದಳು. "ಕೋಚ್ ಸರ್ ಕಾಲು ಮುಟ್ಟಿದ್ರ ಜೀವ ಹೋದಂಗ ಆಗ್ತಿತ್ತು. ಆದ್ರ ನೀ ಮ್ಯಾಲೆ ಕುಂತು ನೋಡಾಕತ್ತೀ, ನಾ ಅತ್ತರ ಗಾಬರಿ ಆಗ್ತಿ ಅಂತ ಹಲ್ಲು ಕಚ್ಚಿ ಹಿಡಕೊಂಡೆ. ಒಂದ್ ಹನಿ ಅಳಲಿಲ್ಲ, ನೋಡಿದಿಲ್ಲೋ?"

ರೂಮಿನ ಹುಡುಗಿ ನನ್ನ ಮುಖ ನೋಡಿದಳು, ಆಮೇಲೆ ನೆಲ ನೋಡಿದಳು.

"ನೋಡಿದೆ ನನ್ನವ್ವಾ" ಎಂದೆ.