ನೀರು ಕುಡಿದ ಮೇಲಿನ ಮಾತು

ಮಾವನ ಗಂಟಲಲ್ಲಿ ಅಡಿಕೆಯಷ್ಟು ದೊಡ್ಡ ಗಂಟೊಂದಿತ್ತು. ಚೊಂಬನ್ನು ತುಟಿಗೆ ತಾಗಿಸದೆ, ತಲೆ ಹಿಂದಕ್ಕೆ ಬಾಗಿಸಿ ಮೇಲಿನಿಂದ ನೀರು ಸುರಿದುಕೊಳ್ಳುವಾಗ ಆ ಗಂಟು ಗಲ್ಲದ ತನಕ ಏರಿ ಮತ್ತೆ ಕುತ್ತಿಗೆಯ ಬುಡಕ್ಕೆ ಇಳಿಯುತ್ತಿತ್ತು. ನಾನೂ ತಮ್ಮನೂ ಬಾಯಿ ತೆರೆದು ಅದನ್ನೇ ನೋಡುತ್ತಿದ್ದೆವು. ಅದರ ಓಡಾಟ ನಿಂತ ಮೇಲೆಯೇ ನಮ್ಮ ಮನೆಯಲ್ಲಿ ನಿಜವಾದ ಮಾತು ಶುರುವಾಗುತ್ತಿದ್ದದ್ದು.

ಅವರು ಅಮ್ಮನ ಅಣ್ಣ. ನಮ್ಮವರಲ್ಲಿ ಸೋದರಮಾವನೇ ಮನೆಗೆ ಯಜಮಾನ. ಅಪ್ಪ ಮುಂಬಯಿಯ ಹೋಟೆಲೊಂದರಲ್ಲಿದ್ದು, ಬೇಸಗೆಯಲ್ಲಿ ಬಂದು ಹೋಗುವ ನೆಂಟನಂತಿದ್ದರು. ಮಾವನಿಗೆ ಮದುವೆಯಾಗಿರಲಿಲ್ಲ. ಹಂಚಿನ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ರೈಟರ ಕೆಲಸ; ಸಂಜೆ ಮಂಗಳೂರಿನ ಬಿಜೈಯ ನಮ್ಮ ಮನೆಗೆ ಬರುವಾಗ ಪಂಚೆಯ ಅಂಚೆಲ್ಲ ಕೆಂಪು ಧೂಳು. ರಜೆಯ ದಿನ ಬಂತೆಂದರೆ ತಾಳಮದ್ದಳೆ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತರು ಪದ ಹಾಡುತ್ತಾರೆ, ಪಾತ್ರಧಾರಿಗಳು ಎದುರುಬದುರು ಕೂತು ಬಾಯಿಮಾತಿನಲ್ಲೇ ಯುದ್ಧ ಮಾಡುತ್ತಾರೆ. ಮಾವ ಸೋಲುವ ಪಾತ್ರಗಳನ್ನೇ ಕೇಳಿ ಪಡೆಯುತ್ತಿದ್ದರು. "ಗೆಲ್ಲುವವನಿಗೆ ಕಥೆಯೇ ಸಹಾಯಕ್ಕುಂಟು. ನನಗೆ ನಾಲಗೆ ಮಾತ್ರ" ಎನ್ನುತ್ತಿದ್ದರು.

ಅಮ್ಮ ಇದಕ್ಕೆ ತೀರಾ ತದ್ವಿರುದ್ಧ. ಬಾವಿಕಟ್ಟೆಯಲ್ಲಿ ನೆರೆಯವರು ಕೇಳಿದ್ದಕ್ಕೆ ಒಂದು ಮಾತು, ಮೀನಿನವಳ ಹತ್ತಿರ ಅರ್ಧ ಮಾತು. ಹೊರಗಿನವರ ಎದುರು ಅದೂ ಇಲ್ಲ.

ಐವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಚಿಕ್ಕ ಕ್ಲಾಸು. ಇನ್ಸ್‌ಪೆಕ್ಟರು ಬರುವ ದಿನ ಬೆಳಿಗ್ಗೆ ಕರಿಹಲಗೆಯ ಮೇಲೆ ಹೆಡ್‌ಮಾಸ್ಟರರ ಬೋಳುತಲೆಯ ಚಿತ್ರ ಯಾರೋ ಬರೆದಿಟ್ಟಿದ್ದರು. ಗಾಬರಿಯಾಗಿ ಅಳಿಸಲು ಹೋದವಳು ನಾನು. ಹೆಡ್‌ಮಾಸ್ಟರರು ಒಳಗೆ ಬಂದಾಗ ಸೀಮೆಸುಣ್ಣ ಮೆತ್ತಿದ್ದದ್ದು ನನ್ನ ಕೈಗೆ. "ನೀನಾ?" ಎಂದು ಕೇಳಿದರು. ನನ್ನ ಬಾಯಿಂದ ಸ್ವರ ಹೊರಡಲಿಲ್ಲ. ಅಮ್ಮನಿಗೆ ಹೇಳಿಕಳಿಸಿದರು. ಅಮ್ಮ ಸೆರಗು ಹಿಂಡುತ್ತ ನನ್ನ ಪಕ್ಕದಲ್ಲೇ ನಿಂತಳು. "ನಿಮಗೆ ಹೇಳಲಿಕ್ಕೆಂತ ಉಂಟು?" ಎಂದು ಅವರು ಮತ್ತೆ ಮತ್ತೆ ಕೇಳಿದರೂ ತಲೆ ಎತ್ತಲಿಲ್ಲ. ತಪ್ಪಿಲ್ಲದವರು ಸುಮ್ಮನಿರುವುದುಂಟೇ ಎಂದು ಅವರು ನನ್ನನ್ನು ಶಾಲೆಯಿಂದ ಹೊರಗೆ ಹಾಕಿದರು.

ಸಂಜೆ ಮಾವ ಎಲ್ಲವನ್ನೂ ಕೇಳಿದರು.

"ನೀನು ಬರೆದದ್ದಾ?"

"ಅಲ್ಲ."

"ಅಲ್ಲ ಅಂತ ಅಲ್ಲಿ ಹೇಳಿದೆಯಾ?"

ನಾನು ಅತ್ತೆ. ಮಾವ ಅಮ್ಮನ ಕಡೆ ತಿರುಗಿದರು. "ನೀನಾದರೂ ಹೇಳಬಹುದಿತ್ತಲ್ಲ ಮಾರಾಯ್ತಿ?" ಅಮ್ಮ ನೆಲ ನೋಡಿದಳು. ಮಾವನ ಮುಖ ಬಿಳುಚಿತು. ಅಂಥ ಮುಖವನ್ನು ನಾನು ಅದುವರೆಗೆ ಕಂಡಿರಲಿಲ್ಲ, ಬಹಳ ಹೆದರಿದೆ. ಮರುದಿನ ಅವರು ಶಾಲೆಗೆ ನುಗ್ಗಿ ಹೆಡ್‌ಮಾಸ್ಟರರ ನೀರಿಳಿಸುತ್ತಾರೆಂದು ನಾವು ಕಾದೆವು. ಅವರು ಶಾಲೆಗೆ ಹೋದದ್ದು ಹೌದು. ಹೋಗಿ, ಏನೂ ತಪ್ಪು ಮಾಡದ ನನ್ನ ತಮ್ಮನನ್ನೂ ಬಿಡಿಸಿ ಕೈಹಿಡಿದು ಕರೆತಂದರು! "ಇನ್ನು ಶಾಲೆ ಇಲ್ಲೇ. ಲೆಕ್ಕ, ಭೂಗೋಳ ಎಲ್ಲ ಆಮೇಲೆ. ಮೊದಲು ಬಾಯಿ" ಎಂದರು. ಅಮ್ಮ ಗಂಜಿಯ ತಪ್ಪಲೆ ಹಿಡಿದುಕೊಂಡು ನಿಂತಲ್ಲೇ ನಿಂತಳು. ಬಿಜೈಗೆ ಬಿಜೈಯೇ ಬೆಚ್ಚಿಬಿತ್ತು. ಬುದ್ಧಿ ನೆಟ್ಟಗಿರುವ ಯಜಮಾನ ಇಬ್ಬರು ಮಕ್ಕಳನ್ನು ಹೀಗೆ ಮನೆಯಲ್ಲಿ ಕೂರಿಸುತ್ತಾನೆಯೇ ಎಂದು ನಮ್ಮ ಕಂಪೌಂಡಿನ ಆಚೆ ಬಹಳ ದಿನ ಮಾತಾಯಿತು.

ಪಾಠ ಚಾವಡಿಯಲ್ಲಿ. ಬೆಳಿಗ್ಗೆ ಮಾವ ಕಾರ್ಖಾನೆಗೆ ಹೊರಡುವ ಮೊದಲು ಓದು, ಬರಹ, ಸಂಜೆ ಭಾಷಣ. ಊಟದ ಮಣೆಯೊಂದನ್ನು ನಡುವೆ ಇಟ್ಟು ಅದರ ಮೇಲೆ ನಿಲ್ಲಬೇಕು. ಮನೆಯಲ್ಲಿ ತುಳು, ಮಣೆ ಹತ್ತಿದರೆ ಕನ್ನಡ. ನಾಚಿಕೆಯಿಂದ ಕಾಲ್ಬೆರಳು ಮಡಚಿದರೆ "ಪನ್ಲ ಮಗಾ, ಪನ್ಲ, ಹೇಳು" ಎಂದು ತೊಡೆ ತಟ್ಟುತ್ತಿದ್ದರು. ಎಂಥ ವಿಷಯ ಕೊಟ್ಟರೂ ಕ್ರಮ ಒಂದೇ. ಮೊದಲು ಎದುರಾಳಿಯ ವಾದವನ್ನು ಹೇಳಬೇಕು, ಅದೂ ಅವನಿಗಿಂತ ಚಂದ ಮಾಡಿ. ಆಮೇಲೆ ನೀರು ಕುಡಿಯಬೇಕು. ಕುಡಿದ ಮೇಲೆ ನಮ್ಮ ಉತ್ತರ.

"ನಡುವೆ ನೀರು ಎಂತಕ್ಕೆ ಮಾವ?" ಎಂದು ತಮ್ಮ ಕೇಳಿದ.

"ಅವನ ಮಾತು ನಿನ್ನ ಹೊಟ್ಟೆಗೆ ಇಳಿಯಬೇಕಲ್ಲ. ಅದು ಇಳಿಯದೆ ಕೊಟ್ಟ ಉತ್ತರ ಬರೀ ಜಗಳ."

ಹಾಗೆ ನಾವು ಮಂಗಳೂರಿನ ಸೆಕೆಯನ್ನು ಹೊಗಳಿದೆವು, ಬಂಗುಡೆ ಮೀನಿಗಿಂತ ಬದನೆ ರುಚಿ ಎಂದು ಸಾಧಿಸಿದೆವು. ಮಾವ ತಾನೂ ಮಣೆ ಹತ್ತುತ್ತಿದ್ದರು, ನಾವು ತಪ್ಪು ಹಿಡಿಯುತ್ತಿದ್ದೆವು. ತಮ್ಮನ ಕಂಠ ಕಂಪೌಂಡು ದಾಟಿ ರಸ್ತೆಗೆ ಕೇಳುತ್ತಿತ್ತು. ಕೊನೆಯ ಸರದಿ ಅಮ್ಮನದು. ಅವಳಿಗೆ ವಿನಾಯಿತಿ ಇರಲಿಲ್ಲ. ಒಲೆ ಆರಿಸಿ ಬಂದು, ಮಣೆಯ ಮೇಲೆ ನಿಂತು, "ನನ್ನದು ಎಂತ ಇಲ್ಲ" ಎಂದು ಇಳಿಯುತ್ತಿದ್ದಳು. ಮಾವ ಒಂದು ದಿನವೂ ನಗಲಿಲ್ಲ, ಗದರಲಿಲ್ಲ. "ಆಯ್ತು. ನಾಳೆ" ಎನ್ನುತ್ತಿದ್ದರು. ಆ ನಾಳೆ ವರ್ಷಗಟ್ಟಲೆ ಎಳೆಯಿತು. ನಾವು ಮಕ್ಕಳು ಮಾತು ಕಲಿತದ್ದರಲ್ಲಿ ಅವರಿಗೆ ಆಶ್ಚರ್ಯವಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ತಂಗಿಯ ಮಾತು. ಅದು ನಮಗೆಲ್ಲ ಗೊತ್ತಿತ್ತು, ಅಮ್ಮನಿಗೂ ಗೊತ್ತಿತ್ತು.

ನಮ್ಮ ರಸ್ತೆಯ ಕೊನೆಯಲ್ಲಿ ಒಂದು ವಾಚನಾಲಯವಿತ್ತು. ಗಂಡಸರು ಪೇಪರು ಓದಿ ದೇಶದ ಚಿಂತೆ ಮಾಡುವ ಜಾಗ. ಹೆಂಗಸರಿಗೆ ಒಳಗೆ ಪ್ರವೇಶವಿಲ್ಲ. ವಾರದಲ್ಲಿ ಒಂದು ಸಂಜೆಯಾದರೂ ಅವರಿಗೂ ಬಾಗಿಲು ತೆರೆಯಬೇಕೆಂದು ಮಾವ ವಾರ್ಷಿಕ ಸಭೆಗೆ ಒಂದು ಠರಾವು ಕೊಟ್ಟರು. ಭಾಷಣದ ಅಭ್ಯಾಸ ಮನೆಯಲ್ಲೇ ನಡೆಯಿತು, ಎಷ್ಟು ಸಲವೆಂದರೆ ಉತ್ತರದ ಭಾಗ ನನಗೂ ತಮ್ಮನಿಗೂ ಬಾಯಿಪಾಠವಾಯಿತು. ಅದು ಹೀಗೆ ಶುರುವಾಗುತ್ತಿತ್ತು: "ಮಹನೀಯರೇ, ಒಲೆಯ ಮುಂದೆ ಕೂತು ನನ್ನ ತಂಗಿ ಎಂತ ಯೋಚಿಸುತ್ತಾಳೆ ಅಂತ ನೀವು ಯಾರಾದರೂ ಕೇಳಿದ್ದುಂಟಾ?"

ಅಡುಗೆಮನೆಯಿಂದ ಅಮ್ಮ, "ನನ್ನ ಸುದ್ದಿ ಅಲ್ಲಿ ಎಂತಕ್ಕೆ ಅಣ್ಣ? ನಾಚಿಕೆ ಆಗ್ತದೆ" ಎಂದಳು.

"ಹಾಗಾದರೆ ನೀನೇ ಬಂದು ಹೇಳು. ನಾನು ಸುಮ್ಮನಿರ್ತೇನೆ" ಎಂದರು ಮಾವ. ಒಳಗಿನಿಂದ ಪಾತ್ರೆಯ ಸದ್ದು ಮಾತ್ರ ಬಂತು.

ಸಭೆಯ ದಿನ ಅಮ್ಮ, ನಾನು, ತಮ್ಮ ವಾಚನಾಲಯದ ಹೊರಜಗಲಿಯಲ್ಲಿ ಕಿಟಕಿಯ ಸರಳು ಹಿಡಿದು ನಿಂತೆವು. ಮಾವ ಎದ್ದರು. ಎದುರಾಳಿಯ ವಾದ ಆರಂಭವಾಯಿತು. ಹೆಂಗಸರು ಪೇಪರು ಓದಲು ಕೂತರೆ ಒಲೆಯ ಗತಿಯೇನು, ತೊಟ್ಟಿಲ ಗತಿಯೇನು, ಮರ್ಯಾದೆಯ ಗತಿಯೇನು? ದೇವರೇ, ಏನು ಮಾತು! ವಿರೋಧಿಸಲೆಂದೇ ಬಂದಿದ್ದ ಮುದುಕರಿಗೆ ತಮ್ಮ ತಲೆಯಲ್ಲಿ ಇಷ್ಟೆಲ್ಲ ಇದ್ದದ್ದು ಆವತ್ತೇ ಗೊತ್ತಾದದ್ದು. ಕಣ್ಣೊರೆಸಿಕೊಂಡವರೂ ಇದ್ದರು. ಮಾವ ಆ ಭಾಗ ಮುಗಿಸಿ, ಚೊಂಬೆತ್ತಿ, ತಲೆ ಹಿಂದಕ್ಕೆ ಬಾಗಿಸಿದರು. ಗಂಟಲ ಗಂಟು ಏರಿತು.

ಆಗ ಚಪ್ಪಾಳೆ ಬಿತ್ತು. ಅಧ್ಯಕ್ಷರು ಎದ್ದು ನಿಂತು, "ಠರಾವು ತಂದವರೇ ಇಷ್ಟು ಚಂದ ಮಾಡಿ ಬೇಡ ಅಂದ ಮೇಲೆ ಇನ್ನೆಂತ ಚರ್ಚೆ? ಠರಾವು ಬಿತ್ತು" ಎಂದುಬಿಟ್ಟರು. ಅಲ್ಲಿ ಎಂಥ ಸಭೆಯಾದರೂ ಮಂಗಳ ಹಾಡಿಯೇ ಮುಗಿಸುವುದು ರೂಢಿ; ಹಾಡುವವರಿಗೆ ಕೈಸನ್ನೆ ಮಾಡಿದರು, ಮಂಗಳಪದ್ಯ ಶುರುವಾಯಿತು. ನೀರು ನೆತ್ತಿಗೆ ಹತ್ತಿ ಮಾವ ಕೆಮ್ಮುತ್ತಿದ್ದರು. ಕೆಮ್ಮು ನಿಂತಿತು. ಈಗ ಗುಡುಗುತ್ತಾರೆ ಎಂದು ನಾನು ಕಾದೆ. ಮಾವ ಚೊಂಬು ಕೆಳಗಿಟ್ಟು, ಕೈಮುಗಿದು, ಕಣ್ಣು ಮುಚ್ಚಿ ನಿಂತುಬಿಟ್ಟರು!  ಪಕ್ಕದಲ್ಲಿ ಅಮ್ಮನ ತುಟಿ ಅಲುಗುತ್ತಿತ್ತು. ಅವನದು ಮುಗಿಯಲಿಲ್ಲ ಎಂದು ಒಂದು ಮಾತು ಅವಳು ಕಿಟಕಿಯಿಂದ ಕೂಗಿದ್ದರೆ ಸಾಕಿತ್ತು. ಅವಳು ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದಳು, ಅಷ್ಟೇ.

ದಾರಿಯಲ್ಲಿ ನಾನೇ ಕೇಳಿದೆ. "ಯಾಕೆ ಮಾವ ಸುಮ್ಮನಾದದ್ದು?"

"ಮಂಗಳ ಹಾಡಿದ ಮೇಲೆ ಮಾತಾಡಲಿಕ್ಕೆ ಇಲ್ಲ ಮಗಾ. ಅಷ್ಟು ವರ್ಷದ ಅಭ್ಯಾಸ, ಕೈ ತನ್ನಿಂದ ತಾನೇ ಮುಗಿದುಹೋಯ್ತು" ಎಂದರು. ತಾಳಮದ್ದಳೆಯಲ್ಲಿ ಅದು ನಿಯಮ. ಭಾಗವತರು ಮಂಗಳ ಎತ್ತಿದರೆ ಎಂಥ ಮಾತುಗಾರನೂ ಬಾಯಿ ಮುಚ್ಚಲೇಬೇಕು. ಆದರೆ ಇದು ತಾಳಮದ್ದಳೆಯೇ? ನನಗೆ ಸಿಟ್ಟು ಬಂದು ಅಳು ಬಂತು. ಮನೆ ತಲುಪಿದ ಮೇಲೆ ಮಾವ ಎಂದಿನಂತೆ ಮಣೆ ಇಟ್ಟರು. ಅಮ್ಮ ಹತ್ತಿದಳು, "ನನ್ನದು ಎಂತ ಇಲ್ಲ" ಎಂದಳು. ಆ ಸಂಜೆ ಅವಳ ಸ್ವರ ನಡುಗುತ್ತಿತ್ತು.

ನಾನು ಖಾಸಗಿಯಾಗಿ ಮೆಟ್ರಿಕ್ ಕಟ್ಟಿ ಪಾಸಾದೆ, ಟ್ರೈನಿಂಗ್ ಮುಗಿಸಿ ಟೀಚರಾದೆ. ತಮ್ಮನಿಗೆ ಗಣಿತ ಹತ್ತಲಿಲ್ಲ. ಮಾವನಿಗೇ ಬಾರದ ಗಣಿತವನ್ನು ಮಾವ ಕಲಿಸಿದ್ದರು, ಹತ್ತುವುದು ಹೇಗೆ? ಅವನು ಮತ್ತೆ ಮತ್ತೆ ಫೇಲಾಗಿ ಕೊನೆಗೆ ಬಸ್ಸಿನ ಕಂಡಕ್ಟರನಾದ. "ಪಡೀಲ್, ಪಡೀಲ್" ಎಂದು ಬಸ್ಸು ಹೋಗುವ ಜಾಗದ ಹೆಸರನ್ನು ಅವನು ಹಂಪನಕಟ್ಟೆಯ ನಿಲ್ದಾಣದಲ್ಲಿ ಕೂಗಿದರೆ ಊರೇ ತಿರುಗಿ ನೋಡುತ್ತಿತ್ತು. ಅಮ್ಮ ಮಾತ್ರ ಆ ಕೂಗು ಕೇಳಿದರೆ ಮುಖ ತಿರುಗಿಸುತ್ತಿದ್ದಳು.

ಅರವತ್ತರ ದಶಕದ ನಡುವೆ ಮಾವನಿಗೆ ಪಾರ್ಶ್ವವಾಯು ಬಡಿಯಿತು. ಕೈಕಾಲು ಅಷ್ಟಿಷ್ಟು ಆಡಿದವು, ಮಾತು ಹೋಯಿತು. ಬೇರೆ ಏನು ಹೋಗಿದ್ದರೂ ನಾವು ಸಹಿಸುತ್ತಿದ್ದೆವೋ ಏನೋ. ಸಂಜೆಯಾದರೆ ಅವರು ಚಾವಡಿಯಲ್ಲಿ ಒರಗಿ ಕೂತು ಮಣೆಯ ಕಡೆ ಬೆರಳು ತೋರಿಸುತ್ತಿದ್ದರು. ನಾವು ಮಾತಾಡುತ್ತಿದ್ದೆವು. ಅಮ್ಮನ ಸರದಿ ಬಂದಾಗ ಮಾವ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಅವಳು ಬಾಯಿ ತೆರೆಯುತ್ತಿದ್ದಳು. ಬರುತ್ತಿದ್ದದ್ದು ಅದೇ ಹಳೆಯ ಮಾತು. ನಾಳೆ ಎನ್ನಲು ಅವರಿಗೆ ನಾಲಗೆ ಇರಲಿಲ್ಲ. ಮಳೆಗಾಲ ಹಿಡಿಯುವ ಮೊದಲು ತೀರಿಕೊಂಡರು.

ಸಂತಾಪ ಸಭೆ ಅದೇ ವಾಚನಾಲಯದಲ್ಲಿ ನಡೆಯಿತು. ಸಾವಿನ ಸಭೆಯಾದ್ದರಿಂದ ಹೆಂಗಸರನ್ನು ಒಳಗೆ ಬಿಟ್ಟಿದ್ದರು. ಅದೇ ಅಧ್ಯಕ್ಷರು, ಹಲ್ಲು ಬಿದ್ದಿತ್ತು, ಕುರ್ಚಿ ಬಿಟ್ಟಿರಲಿಲ್ಲ. ಮನೆಯವರ ಪರವಾಗಿ ನಾನು ಮಾತಾಡುವುದೆಂದು ನಿಶ್ಚಯವಾಗಿತ್ತು. ನನ್ನ ಹೆಸರು ಕರೆದರು. ನಾನು ಏಳುವ ಮೊದಲೇ ಪಕ್ಕದಲ್ಲಿದ್ದ ಅಮ್ಮ ಎದ್ದು ಮುಂದೆ ನಡೆದಳು. 

"ನನ್ನ ಅಣ್ಣ ನನ್ನ ಮಕ್ಕಳ ಶಾಲೆ ಬಿಡಿಸಿದ" ಎಂದಳು. ಸ್ವರ ಸಣ್ಣದು, ಸ್ಪಷ್ಟವಾಗಿತ್ತು. "ನನ್ನನ್ನು ಕೇಳಲಿಲ್ಲ. ತನಗೆ ಬಾರದ ಲೆಕ್ಕ ನನ್ನ ಮಗನಿಗೆ ಕಲಿಸಿದ. ಹುಡುಗ ಕಾಲೇಜು ಕಾಣಲಿಲ್ಲ. ಊರವರು ನಗುವಾಗ ನಗಲಿ ಅಂದ. ಅವನಿಗೆ ತನ್ನ ಹಟ ದೊಡ್ಡದಾಯ್ತು."

 ಸತ್ತವರ ಫೋಟೋದ ಎದುರು, ಹೂಮಾಲೆ ಬಾಡುವ ಮೊದಲು, ಒಡಹುಟ್ಟಿದ ತಂಗಿ ಹೀಗೆ ಹೇಳುತ್ತಾಳೆಯೇ? ಯಾರೋ "ಛೇ" ಎಂದರು. ಹಿಂದೆ ನಿಂತಿದ್ದ ತಮ್ಮ ನನ್ನ ಭುಜ ಹಿಡಿದುಕೊಂಡ.  ಅಮ್ಮ ಇನ್ನೂ ಹೇಳಿದಳು, ನಾವು ಯಾರೂ ಮಾವನ ಮುಖಕ್ಕೆ ಹೇಳಲಾರದೆ ಉಳಿಸಿಕೊಂಡಿದ್ದದ್ದನ್ನೆಲ್ಲ ಹೇಳಿದಳು. ಹೇಳಿ, ಮೇಜಿನ ಮೇಲಿದ್ದ ಚೊಂಬನ್ನು ಎತ್ತಿ, ತಲೆ ಹಿಂದಕ್ಕೆ ಬಾಗಿಸಿ, ತುಟಿಗೆ ತಾಗಿಸದೆ ನೀರು ಸುರಿದುಕೊಂಡಳು.

ಆಗ ನನಗೆ ಅರ್ಥವಾಯಿತು. ಅಯ್ಯೋ ಎಂದು ಬಾಯಿಗೆ ಸೆರಗು ಒತ್ತಿಕೊಂಡೆ.

ಅಧ್ಯಕ್ಷರಿಗೆ ಅರ್ಥವಾಗಲಿಲ್ಲ. ಮುಜುಗರದಿಂದ ಎದ್ದು ನಿಂತು, "ದುಃಖದಲ್ಲಿ ಎಂತೆಂತದೋ ಬಾಯಿಗೆ ಬರ್ತದೆ, ಪಾಪ. ಸಭೆ ಮುಗಿಸುವ" ಎಂದು ಹಾಡುವವರಿಗೆ ಕೈಸನ್ನೆ ಮಾಡಿದರು. ಮಂಗಳಪದ್ಯದ ಮೊದಲ ಸೊಲ್ಲು ಎದ್ದಿತು.

ಅಮ್ಮ ಚೊಂಬು ಕೆಳಗಿಟ್ಟಳು.

"ಹಾಡು ನಿಲ್ಲಿಸಿ" ಎಂದಳು. "ನೀವು ಕೂತುಕೊಳ್ಳಿ. ಆವತ್ತು ನನ್ನ ಅಣ್ಣನದು ಮುಗಿದಿರಲಿಲ್ಲ. ಇವತ್ತು ನನ್ನದೂ ಮುಗಿಯಲಿಲ್ಲ."

ಹಾಡು ನಿಂತಿತು. ಅಧ್ಯಕ್ಷರು ಕೂತರು. ಅಮ್ಮ ಫೋಟೋದ ಕಡೆ ಒಮ್ಮೆ ನೋಡಿ ಸಭೆಗೆ ತಿರುಗಿದಳು.

"ಮಹನೀಯರೇ," ಎಂದಳು, "ಒಲೆಯ ಮುಂದೆ ಕೂತು ನಾನು ಎಂತ ಯೋಚಿಸುತ್ತೇನೆ ಅಂತ ನೀವು ಯಾರಾದರೂ ಕೇಳಿದ್ದುಂಟಾ?"