ದಾರದ ಇನ್ನೊಂದು ತುದಿ

ಮೊನ್ನೆ ಬೆಳಿಗ್ಗೆ ಮಹಡಿಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದೆ. ಎದುರು ಮನೆಯವರು ತಮ್ಮ ತಾರಸಿಯ ಮೇಲೆ ಇಳಿಜಾರಿನ ಒಂದು ಚಾವಣಿ ಕಟ್ಟಿಸುತ್ತಿದ್ದಾರೆ. ತಾರಸಿಯ ಮೇಲೆ ಮತ್ತೊಂದು ಚಾವಣಿ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಚೆನ್ನಾಗಿ ಕಾಣುತ್ತದಂತೆ. ಅದಕ್ಕೆ ಹೊದಿಸುತ್ತಿರುವುದು ಹೆಂಚಲ್ಲ, ಹಾಳೆಯ ಹಾಗೆ ಬಾಗುವ, ಡಾಂಬರು ವಾಸನೆಯ ಕಪ್ಪು ಬಿಲ್ಲೆಗಳು. ಶಿಂಗಲ್ಸ್ ಎನ್ನುತ್ತಾರಂತೆ. ಆ ವಾಸನೆಗೆ ಮೂಗಿನ ಮೇಲೆ ಸೆರಗು ಎಳೆದುಕೊಳ್ಳುವಷ್ಟರಲ್ಲಿ ಟಪ್ ಎಂದು ಒಂದು ಸದ್ದು ಬಂತು. ಬಿಗಿದ ದಾರವನ್ನು ಎತ್ತಿ ಬಿಟ್ಟಾಗ ಬರುವ ಸದ್ದು. ಕೈಲಿದ್ದ ಮೆಣಸಿನಕಾಯಿ ಕೈಲೇ ಉಳಿಯಿತು.

ಹೊಸೂರಿನ ನಮ್ಮ ಬಡಾವಣೆಯ ರಸ್ತೆ ಎಷ್ಟು ಅಗಲವೆಂದರೆ, ಎದುರು ಮನೆಯ ಸಾರಿಗೆ ಉಪ್ಪು ಕಡಿಮೆಯಾದರೆ ನಮಗೆ ಗೊತ್ತಾಗುತ್ತದೆ. ಹಾಗಾಗಿ ಕೆಲಸದವನು ಮಾಡುತ್ತಿದ್ದುದೆಲ್ಲ ಕಣ್ಣೆದುರಿಗೇ ಇತ್ತು. ಅವನ ಕೈಲಿ ಅಂಗೈಯಗಲದ ಒಂದು ಡಬ್ಬಿ. ಅದರೊಳಗೆ ಸುತ್ತಿಟ್ಟ ದಾರ, ನೀಲಿ ಪುಡಿ. ದಾರದ ತುದಿಗೆ ಪುಟ್ಟ ಕೊಕ್ಕೆ. ಕೊಕ್ಕೆಯನ್ನು ಚಾವಣಿಯ ಒಂದಂಚಿಗೆ ಸಿಕ್ಕಿಸಿದ, ಡಬ್ಬಿ ಹಿಡಿದು ಇನ್ನೊಂದಂಚಿಗೆ ನಡೆದ, ದಾರ ಬಿಗಿದು ಎತ್ತಿ ಬಿಟ್ಟ. ನೇರವಾದ ನೀಲಿ ಗೆರೆ ಬಿತ್ತು. ಅದಕ್ಕೆ ಸರಿಯಾಗಿ ಬಿಲ್ಲೆಗಳನ್ನು ಜೋಡಿಸಿ ಮೊಳೆ ಹೊಡೆಯತೊಡಗಿದ.

ತಡೆಯಲಾರದೆ ಕೇಳಿದೆ, "ಇನ್ನೊಂದು ತುದಿ ಹಿಡ್ಕೊಳ್ಳೋರು ಯಾರೂ ಇಲ್ವೇನಪ್ಪಾ?"

ಅವನು ತಲೆಯೆತ್ತಿ ನಕ್ಕ. ಕೊಕ್ಕೆಯನ್ನು ತೋರಿಸಿ, "ವೇಂಡಾಮ್ಮಾ, ಕೊಕ್ಕಿ ಇರುಕ್ಕು" ಎಂದು ತಮಿಳಿನಲ್ಲಿ ಹೇಳಿದ. ಬೇಡಮ್ಮ, ಕೊಕ್ಕೆ ಇದೆಯಲ್ಲ. ಅವನು ಹೇಳಿದ್ದು ಸರಿಯೇ. ಆದರೂ ನನ್ನ ಕಣ್ಣು ಆ ಕೊಕ್ಕೆಯ ಮೇಲೇ ನಿಂತಿತು.

ನಮ್ಮ ಊರು ಇಲ್ಲೇ ಹತ್ತಿರದ ಉದ್ದನಪಲ್ಲಿ. ಅಲ್ಲಿ ತಾತ ಕಟ್ಟಿಸಿದ ಮನೆ ಹೆಂಚಿನದು. ನಾಡಹೆಂಚು, ಕುಂಬಾರರು ತಿಗರಿಯಲ್ಲಿ ತಿರುಗಿಸಿ ಸೀಳಿದ ಅರೆಕೊಳವೆಯಂಥವು. ಮನೆ ರೈಲುಗಾಡಿಯ ಹಾಗೆ ಉದ್ದಕ್ಕಿತ್ತು. ತಾತ ಹೋದ ಮೇಲೆ ಅಪ್ಪನಿಗೂ ದೊಡ್ಡಪ್ಪನಿಗೂ ಪಾಲಾಗಿ ನಡುವೆ ಒಂದು ಮಣ್ಣುಗೋಡೆ ಎದ್ದಿತು. ಗೋಡೆ ಒಣಗುವ ಮೊದಲೇ ಮಾತೂ ನಿಂತಿತು. ಜಗಳ ಯಾಕಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಮನೆಯ ಲೆಕ್ಕದಲ್ಲಿ, ಅಮ್ಮ ನನ್ನನ್ನು ಹೆರುವ ಹೊತ್ತಿಗೆ ದೊಡ್ಡಪ್ಪ ಗಾಡಿ ಕಟ್ಟಿ ಕಳಿಸಲಿಲ್ಲ. ಅವರ ಮನೆಯ ಲೆಕ್ಕದಲ್ಲಿ, ತಾತನ ತಿಥಿಯ ದಿನ ಅಪ್ಪ ಅಣ್ಣನನ್ನು ಬಿಟ್ಟು ಹೆಂಡತಿಯ ಕಡೆಯವರನ್ನು ಮೊದಲ ಪಂಕ್ತಿಗೆ ಕೂರಿಸಿದ. ಬೀದಿಯವರನ್ನು ಕೇಳಿದರೆ ಇದೆರಡೂ ಅಲ್ಲ, ಎಲ್ಲ ಒಂದು ಕೋಳಿಯಿಂದ ಶುರುವಾಯಿತು ಎನ್ನುತ್ತಿದ್ದರು.

ಗೋಡೆ ಎಬ್ಬಿಸಿದರು, ಅಂಗಳಕ್ಕೆ ಬೇಲಿ ಹಾಕಿದರು, ಹುಣಸೆಮರದ ಕೊಂಬೆಗಳನ್ನು ಕೂಡ ಇದು ನಿನ್ನದು ಅದು ನನ್ನದು ಎಂದು ಹಂಚಿಕೊಂಡರು. ಮೇಲಿನ ಹೆಂಚನ್ನು ಮಾತ್ರ ಹಂಚಿಕೊಳ್ಳಲಾಗಲಿಲ್ಲ. ಹೆಂಚಿನ ಸಾಲುಗಳು ಆ ತುದಿಯಿಂದ ಈ ತುದಿಯವರೆಗೆ ಒಂದೇ ಸಮ ಓಡುತ್ತಿದ್ದವು. ಪ್ರತಿ ವರ್ಷ ಮಳೆಗೆ ಮೊದಲು ಹೆಂಚು ಕೈಯಾಡಿಸಬೇಕು. ಅಂದರೆ ಎಲ್ಲವನ್ನೂ ಇಳಿಸಿ, ಕೋತಿಗಳು ಕುಣಿದು ಒಡೆದಿದ್ದನ್ನು ಆರಿಸಿ ಎಸೆದು, ಮತ್ತೆ ಸೂರಿನಿಂದ ನೆತ್ತಿಯವರೆಗೆ ಸಾಲು ಸಾಲಾಗಿ ಜೋಡಿಸುವುದು. ಒಂದು ತುದಿ ಬೆರಳಷ್ಟು ಏರಿದರೂ ಸಾಲು ಸೊಟ್ಟಗಾಗಿ, ನಡುಗೋಡೆಯ ಮೇಲೆ ಹೆಂಚಿಗೆ ಹೆಂಚು ಕೂಡದೆ, ನೀರು ಎರಡೂ ಅಡುಗೆಮನೆಗಳಿಗೆ ಇಳಿಯುತ್ತಿತ್ತು. ಯಾರ ಕಡೆ ನ್ಯಾಯವಿದೆ ಎಂದು ಮಳೆ ನೋಡುವುದಿಲ್ಲ.

ಅದಕ್ಕೆ ಬೇಕಾಗುತ್ತಿದ್ದ ಸಾಮಾನು ಹೇಳಿದರೆ ನೀವು ನಗುತ್ತೀರಿ. ಒಂದು ಉದ್ದನೆಯ ಹುರಿದಾರ, ತೆಂಗಿನ ಚಿಪ್ಪಿನಲ್ಲಿ ಕಲಸಿದ ಕೆಮ್ಮಣ್ಣು, ಎರಡು ಅಳತೆ ಕಡ್ಡಿ. ಕಡ್ಡಿಗಳನ್ನು ತಾತ ಒಂದೇ ಬಿದಿರಿನಿಂದ ಒಂದೇ ಉದ್ದಕ್ಕೆ ಕತ್ತರಿಸಿದ್ದನಂತೆ. ಪಾಲಾದಾಗ ಆ ಮನೆಗೊಂದು, ಈ ಮನೆಗೊಂದು ಬಂದವು. ಅಪ್ಪ ಈ ತುದಿಯಲ್ಲಿ, ದೊಡ್ಡಪ್ಪ ಆ ತುದಿಯಲ್ಲಿ ಕೂತು, ಕೆಮ್ಮಣ್ಣಿನಲ್ಲಿ ಅದ್ದಿದ ದಾರವನ್ನು ಮನೆಯುದ್ದಕ್ಕೂ ಬಿಗಿದು ಹಿಡಿಯುತ್ತಿದ್ದರು. ಎತ್ತಿ ಬಿಟ್ಟರೆ ಟಪ್ ಎಂದು ಅಡಿಯ ಬಿದಿರುದಬ್ಬೆಗಳ ಮೇಲೆ ಕೆಂಪು ಗೆರೆ. ಗೆರೆಗೆ ತಾಗಿಸಿ ಹೆಂಚು ಜೋಡಿಸಿ, ಸಾಲು ಮುಗಿದ ಮೇಲೆ ಇಬ್ಬರೂ ತಂತಮ್ಮ ಕಡ್ಡಿಯಷ್ಟೇ ಮೇಲಕ್ಕೆ ಸರಿಯುತ್ತಿದ್ದರು.

ಇದೆಲ್ಲ ಒಂದೂ ಮಾತಿಲ್ಲದೆ ನಡೆಯಬೇಕಿತ್ತು. ಮಾತಿರಲಿ, ಒಬ್ಬರ ಮುಖ ಒಬ್ಬರು ನೋಡುತ್ತಲೂ ಇರಲಿಲ್ಲ. ಅಪ್ಪ ರಾಯಕೋಟೆಯ ಬೆಟ್ಟ ನೋಡುತ್ತಿದ್ದ, ದೊಡ್ಡಪ್ಪ ಹುಣಸೆಮರ ನೋಡುತ್ತಿದ್ದ. ಮಾತೆಲ್ಲ ದಾರದ್ದು. ದೊಡ್ಡಪ್ಪ ಒಂದು ಸಲ ಜಗ್ಗುತ್ತಿದ್ದ, ಅಪ್ಪ ಎರಡು ಸಲ ಜಗ್ಗುತ್ತಿದ್ದ, ಟಪ್. ಕೆಳಗೆ ನಿಂತು ನೋಡುತ್ತಿದ್ದ ನನಗೆ ಇಬ್ಬರೂ ಸೇರಿ ಕಾಣದ ಮೀನಿಗೆ ಗಾಳ ಹಾಕಿದ ಹಾಗೆ ಕಾಣುತ್ತಿತ್ತು.

ನಾನು ಹೈಸ್ಕೂಲಿಗೆ ಸೇರಿದ ವರ್ಷ ಅಪ್ಪನಿಗೆ ಕಾಮಾಲೆಯಾಯಿತು. ಕೆಮ್ಮಾದರೆ ಗೋಡೆಯಾಚೆ ಕೇಳಿಸುತ್ತಿತ್ತು, ಕಾಮಾಲೆ ಸದ್ದು ಮಾಡುವ ಕಾಯಿಲೆಯಲ್ಲ. ಆ ಮನೆಗೆ ಸುದ್ದಿ ಹೋಗಕೂಡದೆಂದು ಅಮ್ಮನ ಕಟ್ಟಪ್ಪಣೆ ಬೇರೆ. ಅಷ್ಟರಲ್ಲಿ ಮೋಡ ಕವಿಯತೊಡಗಿತು. ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡಪ್ಪ ಆಗಲೇ ತನ್ನ ಕಡೆಯ ಹೆಂಚು ಇಳಿಸುತ್ತಿದ್ದ. ನಮ್ಮ ಕಡೆಯದನ್ನು ಅಮ್ಮ ಒಬ್ಬ ಆಳನ್ನು ಕರೆದು ಇಳಿಸಿದಳು. ದಾರವನ್ನು ಮಾತ್ರ ಆಳಿನ ಕೈಗೆ ಕೊಡಲು ಅಪ್ಪ ಒಪ್ಪಲಿಲ್ಲ. ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ ನನ್ನನ್ನು ಕರೆದ.

"ನೀನೇ ಹತ್ತಮ್ಮ. ಕಡ್ಡಿ ಇದ್ದಂಗಿದೀಯ, ಮೇಲಿನ ದಬ್ಬೆ ಮುರಿಯಾಕಿಲ್ಲ. ಆ ಕಡೆಯಿಂದ ಒಂದ್ ಕಿತ ಜಗ್ಗಿದ್ರೆ, ಹಿಡ್ದಿದ್ದೀಯೇನ್ಲಾ ಅಂತ. ನೀನು ಎಲ್ಡ್ ಕಿತ ಜಗ್ಗು. ಹಿಡ್ದಿದ್ದೀನಿ ಅಂತ. ಅಷ್ಟೇ. ಬ್ಯಾರೆ ಮಾತಿಲ್ಲ."

ಹತ್ತಿದೆ. ದೊಡ್ಡಪ್ಪ ಆ ತುದಿಯಲ್ಲಿ ಹುಣಸೆಮರ ನೋಡುತ್ತಾ ಕೂತಿದ್ದ. ತಿರುಗಿ ನೋಡಿದರೆ ಎಲ್ಲಿ ಸೋತಂತಾಗುತ್ತದೋ ಎಂಬ ಭಯ ಆ ವಂಶದ ಗಂಡಸರಿಗೆಲ್ಲ ಇತ್ತು, ಹೆಂಗಸರಿಗೂ ಇದೆ. ದಾರ ಬಿಗಿಯಿತು. ಒಂದು ಸಲ ಜಗ್ಗಿತು. ನಾನು ಎರಡು ಸಲ ಜಗ್ಗಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಒಂದು ಸಲ ಜಗ್ಗಿತು, ಈ ಸಲ ಮೆಲ್ಲಗೆ. ನಾನು ಇನ್ನೂ ಜೋರಾಗಿ ಎರಡು ಸಲ ಎಳೆದೆ. ಇದ್ದಕ್ಕಿದ್ದಂತೆ ದಾರ ಸಡಿಲವಾಗಿ ದಬ್ಬೆಗಳ ಮೇಲೆ ಬಿತ್ತು. ಆ ತುದಿಯಲ್ಲಿ ಯಾರೂ ಇರಲಿಲ್ಲ.

ನಾನು ಏಣಿಯಿಳಿದು ಬರುವಷ್ಟರಲ್ಲಿ ದೊಡ್ಡಪ್ಪ ಬೇಲಿ ಸುತ್ತಿ ಬಂದು ನಮ್ಮ ಜಗಲಿಯ ಮುಂದೆ ನಿಂತಿದ್ದ. ನಾನು ಹುಟ್ಟಿದ ಮೇಲೆ ಅವನು ಅಲ್ಲಿ ಕಾಲಿಟ್ಟಿದ್ದನ್ನು ನೋಡಿದ್ದು ಅದೇ ಮೊದಲು. ಕೈಯೆಲ್ಲ ಕೆಮ್ಮಣ್ಣು.

"ನಿಮ್ಮಪ್ಪ ಎಲ್ಲಮ್ಮಾ? ದಾರದಾಗೆ ಅವನ ಕೈ ಇಲ್ಲ" ಎಂದ.

ಒಳಗಿನಿಂದ ಅಪ್ಪನ ಕ್ಷೀಣ ದನಿ ಬಂತು. ನನಗೇ ಹೇಳಿದ್ದು. "ಬಂದಿರೋರ್ಗೆ ಕುಂತ್ಕೊಳ್ಳಾಕೆ ಹೇಳಮ್ಮ."

"ಕುಂತ್ಕೊಳ್ಳಾಕೆ ಬಂದಿಲ್ಲ ಅಂತ ಹೇಳು" ಎನ್ನುತ್ತಾ ದೊಡ್ಡಪ್ಪ ಒಳಗೆ ಹೋಗಿ ಅಪ್ಪನ ಪಕ್ಕದಲ್ಲೇ ಕೂತ. ಹಳದಿ ಕಣ್ಣು ನೋಡಿದ. "ಔಸ್ದ ಏನ್ ತಗಂತವ್ನೆ ಕೇಳು."

"ಪೇಟೆ ಡಾಕ್ಟ್ರು ಕೊಟ್ಟವ್ರೆ ಅಂತ ಹೇಳು."

ಇಬ್ಬರ ನಡುವೆ ಒಂದು ಮೊಳ ಜಾಗವಿತ್ತು. ಆ ಜಾಗದಲ್ಲಿ ಕೂತು ನಾನು ಅವರ ಮಾತನ್ನು ಅತ್ತಿಂದಿತ್ತ ದಾಟಿಸಿದೆ. ಮಾರನೆಯ ಬೆಳಿಗ್ಗೆ ದೊಡ್ಡಪ್ಪ ನೆಲನೆಲ್ಲಿ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕಲಸಿಕೊಂಡು ಬಂದ. ಲೋಟ ನನ್ನ ಕೈಗೆ ಕೊಟ್ಟು, "ಕುಡಿ ಅಂತ ಹೇಳು" ಎಂದ. ನಾನು ಹೇಳಿದೆ. ಅಪ್ಪ ಮೂಸಿ ನೋಡಿ ಮುಖ ಹಿಂಡಿದ. "ಆಮೇಲೆ ಕುಡೀತೀನಿ ಅಂತ ಹೇಳಮ್ಮ" ಎಂದ. ದೊಡ್ಡಪ್ಪನಿಗೆ ಸಿಟ್ಟು ಬಂದು ನನ್ನನ್ನು ಮರೆತೇಬಿಟ್ಟ.

"ಕುಡೀಲಾ ಸುಮ್ಕೆ" ಎಂದ.

ಅಪ್ಪ ಗಟಗಟನೆ ಕುಡಿದ. ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಷ್ಟು ವರ್ಷಗಳ ಮೇಲೆ ಅಣ್ಣ ತಮ್ಮನಿಗೆ ನೇರವಾಗಿ ಆಡಿದ ಮೊದಲ ಮಾತು ಬೈಗುಳದ ಹಾಗಿತ್ತು, ಆದರೂ ಆ ದಿನ ನಮ್ಮ ಮನೆಯಲ್ಲಿ ಪಾಯಸ ಮಾಡಿದರು.

ಮಳೆಗೆ ಮೊದಲು ದೊಡ್ಡಪ್ಪನೂ ನಾನೂ ದಾರ ಹಿಡಿದು ಹೆಂಚು ಮುಗಿಸಿದೆವು, ಅಪ್ಪನೂ ಎದ್ದು ಓಡಾಡುವಂತಾದ. ಜಗಳ ಪೂರ್ತಿ ಮುಗಿಯಿತೆಂದು ಹೇಳಲಾರೆ, ಬೇಲಿ ಹಾಗೆಯೇ ಇತ್ತು. ಆದರೆ ಅದರಲ್ಲೊಂದು ಕಿಂಡಿ ಬಿತ್ತು. ಕಾಲ ಕಳೆದು ಅಪ್ಪನಿಗೆ ಸೂರು ಹತ್ತಲಾಗದಾದಾಗ ಈ ತುದಿ ನನ್ನ ತಮ್ಮ ಮುನಿರಾಜುವಿನ ಪಾಲಿಗೆ ಬಂತು. ದೊಡ್ಡಪ್ಪನ ಮಕ್ಕಳು ದೂರವಿದ್ದರು. ಹಾಗಾಗಿ ಆ ತುದಿಗೆ ನಾನು. ನಾನು ಹೊಸೂರಿನ ಶಾಲೆಯಲ್ಲಿ ಲೆಕ್ಕದ ಟೀಚರು, ಬೇಸಿಗೆ ರಜೆಗೂ ಹೆಂಚು ಕೈಯಾಡಿಸುವುದಕ್ಕೂ ಸರಿಹೋಗುತ್ತಿತ್ತು. ಬೋರ್ಡಿನ ಮೇಲೆ ನಾನೆಳೆದ ಗೆರೆ ಯಾವತ್ತೂ ನೇರ ಬಂದಿಲ್ಲ, ಮಕ್ಕಳು ಮುಸಿಮುಸಿ ನಗುತ್ತಿದ್ದರು. ಸೂರಿನ ಮೇಲೆ ಮಾತ್ರ ನನ್ನ ಗೆರೆ ಯಾವತ್ತೂ ಸೊಟ್ಟಗಾಗಲಿಲ್ಲ. ಇನ್ನೊಂದು ತುದಿಯಲ್ಲಿ ಮುನಿರಾಜು ಇದ್ದ.

ಅವನು ಹುಟ್ಟಿದಾಗ ನಾನು ಲಂಗದಾವಣಿಯ ಹುಡುಗಿ. ನನ್ನ ಸೊಂಟದ ಮೇಲೆ ಬೆಳೆದವನು. ನಾವಿಬ್ಬರೂ ಬಾಯಿ ತುಂಬ ಮಾತಾಡುತ್ತಲೇ ದಾರ ಹಿಡಿಯುತ್ತಿದ್ದೆವು, ಆದರೂ ಜಗ್ಗುವುದನ್ನು ಬಿಡಲಿಲ್ಲ. ಆಮೇಲೆ ಅವನು ಹೊಸೂರಿನ ಫ್ಯಾಕ್ಟರಿಗೆ ಸೇರಿದ. ಶಿಫ್ಟು ಮುಗಿಸಿ ಕಂಪನಿ ಬಸ್ಸಿನಲ್ಲಿ ಊರು ತಲುಪಿದಾಗ ನನಗೊಂದು ಮಿಸ್ಡ್ ಕಾಲ್ ಕೊಡುತ್ತಿದ್ದ. ಒಂದು ರಿಂಗು, ಕಟ್. ನಾನು ಎರಡು ಸಲ ಕೊಡುತ್ತಿದ್ದೆ. ಯಾರೂ ಹೀಗೆ ಮಾಡೋಣವೆಂದು ಹೇಳಿಕೊಂಡಿದ್ದಲ್ಲ.

ಹೋದ ವರ್ಷದ ಹಿಂದಿನ ವರ್ಷ ಅವನು ಆ ಹೆಂಚೆಲ್ಲ ತೆಗೆಸಿ ತಾರಸಿ ಹಾಕಿಸಿದ. ಅಷ್ಟು ಹೊತ್ತಿಗೆ ಅಪ್ಪ, ಅಮ್ಮ, ದೊಡ್ಡಪ್ಪ ಯಾರೂ ಇರಲಿಲ್ಲ, ದೊಡ್ಡಪ್ಪನ ಮಕ್ಕಳು ತಮ್ಮ ಪಾಲನ್ನೂ ಇವನಿಗೇ ಬಿಟ್ಟುಕೊಟ್ಟಿದ್ದರು. ಮಳೆಗಾಲವಿಡೀ ಸೋರುವ ನೀರಿಗೆ ಮನೆ ತುಂಬ ಪಾತ್ರೆಯಿಟ್ಟು ಅವನ ಹೆಂಡತಿಗೆ ಸಾಕಾಗಿತ್ತು. ನಾನು ಫೋನಿನಲ್ಲಿ ಗುಡುಗಿದೆ. ತಾತನ ಮನೆ, ಹೆಂಚಿನ ತಂಪು ಎಂದೆಲ್ಲ ಭಾಷಣ ಬಿಗಿದೆ, ಅದೂ ಫ್ಯಾನಿನ ಕೆಳಗೆ, ಕಾಂಕ್ರೀಟು ಸೂರಿನಡಿಯಲ್ಲಿ ಕೂತು.

"ಅಕ್ಕಾ, ನಿಂಗೆ ಹೆಂಚು ಅಷ್ಟು ಬೇಕಿದ್ರೆ ನಿಮ್ಮನೆ ಮ್ಯಾಲೆ ಹಾಕ್ಸ್ಕೊ" ಎಂದ ಅವನು.

ಅದಕ್ಕೆ ನಾನು ಬೇಜಾರು ಮಾಡಿಕೊಳ್ಳಲಿಲ್ಲ, ನ್ಯಾಯವಾದ ಮಾತು. ಅಳತೆ ಕಡ್ಡಿಗಳನ್ನಾದರೂ ಎತ್ತಿಟ್ಟಿದ್ದೀಯಾ ಎಂದು ಕೇಳಿದೆ. "ಅವಾ? ಒಲೆಗ್ ಹೋಗಿರ್ಬೇಕು" ಎಂದ. ನಾನು ಫೋನು ಇಟ್ಟೆ. ಅಂದಿನಿಂದ ನಾನೂ ಮಾಡಿಲ್ಲ, ಅವನೂ ಮಾಡಿಲ್ಲ. ಅವನ ಕಂಪನಿ ಬಸ್ಸು ದಿನವೂ ನಮ್ಮ ರಸ್ತೆಯ ತಿರುವಿನಲ್ಲೇ ಹೋಗುತ್ತದೆ. ಆ ಹೊತ್ತಿಗೆ ನಾನು ಏನೋ ಒಂದು ನೆಪ ಮಾಡಿಕೊಂಡು ಮಹಡಿಯ ಮೇಲಿರುತ್ತೇನೆ. ಬಸ್ಸು ಬಂದಾಗ ಬೇರೆ ಕಡೆ ನೋಡುತ್ತೇನೆ. ನಮಗೆ ಹುಣಸೆಮರವಿಲ್ಲ, ಎದುರಿಗಿರುವ ನೀರಿನ ಟ್ಯಾಂಕು ನೋಡುತ್ತೇನೆ.

ನನಗೆ ಹೆಂಚು ಬೇಕಾಗಿರಲಿಲ್ಲ ಎಂಬುದು ಮೊನ್ನೆ ಆ ಕೊಕ್ಕೆ ನೋಡಿದಾಗಲೇ ತಿಳಿದದ್ದು. ಹೆಂಚು ಒಡೆಯುವ ವಸ್ತು, ಹೋಗಲಿ. ಕಡ್ಡಿಯೂ ಹೋಗಲಿ, ಒಲೆಗೆ ಹೋದರೂ ಎರಡೂ ಒಟ್ಟಿಗೇ ಹೋಗಿವೆ. ನನಗೆ ಬೇಕಾಗಿದ್ದುದು ವರ್ಷಕ್ಕೊಮ್ಮೆ ಇನ್ನೊಂದು ತುದಿಯಿಂದ ಬರುತ್ತಿದ್ದ ಜಗ್ಗು. ನನ್ನ ತಮ್ಮನನ್ನು ನೋಡಬೇಕೆಂದು ಎಷ್ಟು ಆಸೆಯಾಯಿತೆಂದರೆ, ಬಿಸಿಲಿನಲ್ಲಿ ಮೆಣಸಿನಕಾಯಿಯ ನಡುವೆ ಕೂತುಬಿಟ್ಟೆ.

ಫೋನು ಸೆರಗಿನ ಗಂಟಿನಲ್ಲೇ ಇತ್ತು. ಅವನ ನಂಬರು ಒತ್ತಿದೆ. ಒಂದು ರಿಂಗು ಆಗುತ್ತಲೇ ಕಟ್ ಮಾಡಿದೆ. ಎದುರು ಮನೆಯಲ್ಲಿ ಟಪ್ ಎಂದು ಇನ್ನೊಂದು ಗೆರೆ ಬಿತ್ತು. ಒಂದು ಸಾಲು ಬಿಲ್ಲೆ ಜೋಡಿಸಿ ಮುಗಿಯಿತು. ಫ್ಯಾಕ್ಟರಿಯಲ್ಲಿರಬೇಕು, ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ. ಬರಿಯ ಮಿಸ್ಡ್ ಕಾಲ್ ಕೊಟ್ಟ ನನ್ನ ಜಂಬಕ್ಕೆ ನನಗೇ ನಗು ಬಂತು. ಏಳಬೇಕೆನ್ನುವಾಗ ಫೋನು ಒಂದು ಸಲ ರಿಂಗಾಗಿ ನಿಂತಿತು. ಇನ್ನೊಂದು ಸಲ ರಿಂಗಾಗಿ ನಿಂತಿತು.

ಆಮೇಲೆ ನಾನೇ ಮಾಡಿದೆ, ಈ ಸಲ ಕಟ್ ಮಾಡಲಿಲ್ಲ. ಅವನು ಎತ್ತಿದ. ಹಿಂದೆ ಪಾತ್ರೆಯ ಸದ್ದು, ರಜೆಯಲ್ಲಿ ಮನೆಯಲ್ಲೇ ಇದ್ದನೆಂದು ಕಾಣುತ್ತದೆ. ಅವನು ತನ್ನ ಹೆಂಡತಿಯ ಕಡೆ ತಿರುಗಿ ಜೋರಾಗಿ, ನನಗೆ ಕೇಳಿಸಲೆಂದೇ, "ಅಕ್ಕ ಊರಿಗ್ ಯಾವಾಗ ಬತ್ತಾಳೆ ಕೇಳು" ಎಂದ.

ನನ್ನ ಹತ್ತಿರ ಹೇಳಿ ಕಳಿಸಲು ಯಾರೂ ಇರಲಿಲ್ಲ.

"ಭಾನುವಾರ ಬತ್ತೀನಿ ಕಣ್ಲಾ" ಎಂದೆ.